ನಾಲ್ಕನೇ ನಂಬರಿನ ಕೀಲಿ

ಲಾಡ್ಜಿನ ಕೌಂಟರಿನ ಹಿಂದೆ ಒಂದು ಹಲಗೆ, ಹಲಗೆಯ ಮೇಲೆ ಎಂಟು ಕೊಕ್ಕೆ, ಕೊಕ್ಕೆಗೊಂದು ಕೀಲಿ. ಜೇಬಿಗೆ ಹಾಕಿಕೊಂಡು ಯಾರೂ ಮರೆತು ಹೋಗಬಾರದೆಂದು ಒಂದೊಂದು ಕೀಲಿಗೂ ಅಂಗೈಯಷ್ಟು ದೊಡ್ಡ ಮರದ ತುಂಡು ಕಟ್ಟಿತ್ತು. ಅದು ಲಾಡ್ಜ್ ಕಟ್ಟಿಸಿದ ಅಪ್ಪನ ತಲೆಗೆ ಹೊಳೆದ ಉಪಾಯ. ಅಪ್ಪ ಇನ್ನೂ ಒಂದು ನಿಯಮ ಮಾಡಿಟ್ಟು ಹೋಗಿದ್ದರು: ಕೀಲಿ ಕೊಕ್ಕೆಯಲ್ಲಿ ಇಲ್ಲವೆಂದರೆ ರೂಮು ಅತಿಥಿಯದು, ಬಾಗಿಲು ತಟ್ಟದೆ ಮನೆಯವರೂ ಒಳಗೆ ಕಾಲಿಡಕೂಡದು. ಕಾರನ್ನು ಮಗನಿಗೆ, ಲಾಡ್ಜನ್ನು ಮಗಳಿಗೆ ಬರೆದಿಟ್ಟು ಅವರು ಕಣ್ಣು ಮುಚ್ಚಿದರು. ಅಂದಿನಿಂದ ಮಗಳು ಇಡೀ ಬೀದಿಗೆ ಲಾಡ್ಜಕ್ಕ. ತಮ್ಮನೋ, ಪ್ರವಾಸಿಗರನ್ನು ಕರೆತರುವ ಕಾರಿನ ಡ್ರೈವರು. ಗಲ್ಲಿ ತಿರುಗಿದಲ್ಲಿಂದಲೇ ಹಾರ್ನ್ ಬಾರಿಸುವ ಚಟವಿದ್ದುದರಿಂದ ಅವನು ಎಲ್ಲರಿಗೂ ಹಾರ್ನಣ್ಣ.

ನಾಲ್ಕನೇ ಕೊಕ್ಕೆ ಎರಡು ವರ್ಷಗಳಿಂದ ಖಾಲಿ ಇತ್ತು. ಸಾಂಕ್ರಾಮಿಕಕ್ಕೆ ಹೆದರಿ ದೇಶ ಬಾಗಿಲು ಹಾಕಿಕೊಂಡ ದಿನ ಆ ರೂಮಿನಲ್ಲಿ ದೂರದ ದೇಶದಿಂದ ಬಂದ ಅಜ್ಜ ಅಜ್ಜಿ ಇದ್ದರು. ಅವರ ವಾಸ್ತವ್ಯ ಇನ್ನೂ ಮೂರು ದಿನ ಬಾಕಿ. ಕೊನೆಯ ವಿಮಾನ ಎರಡೇ ತಾಸಿನಲ್ಲಿ ಎಂದು ಸುದ್ದಿ ಬಂದಾಗ ಇಬ್ಬರೂ ಸಿಕ್ಕಿದ್ದನ್ನು ಚೀಲಕ್ಕೆ ತುರುಕಿದರು. ಹಾರ್ನಣ್ಣ ಅವರನ್ನು ಕಾರಿಗೆ ತುಂಬಿಕೊಂಡು ಓಡಿದ. ಸಂಜೆ ನೋಡಿದರೆ ಕೀಲಿಯೂ ಅವರ ಜೊತೆ ಹೊರಟುಹೋಗಿತ್ತು.

ಇನ್ನೊಂದು ಕೀಲಿ ಪೆಟ್ಟಿಗೆಯಲ್ಲಿತ್ತು, ಆ ಮಾತು ಬೇರೆ. ನಿಯಮ ಅಂದರೆ ನಿಯಮ. ಲಾಡ್ಜಕ್ಕ ದಿನಾ ಬೆಳಗ್ಗೆ ಪೊರಕೆ ಹಿಡಿದು ಮೇಲೆ ಹೋಗುವಳು, ನಾಲ್ಕನೇ ಬಾಗಿಲು ತಟ್ಟುವಳು, ಮೂರು ಎಣಿಸುವಷ್ಟು ಹೊತ್ತು ಕಾಯುವಳು, ಆಮೇಲೆ ಆ ಇನ್ನೊಂದು ಕೀಲಿಯಿಂದ ತೆರೆದು ಗುಡಿಸುವಳು. ಒಂದು ದಿನವೂ ತಪ್ಪಿಸಲಿಲ್ಲ. ತಟ್ಟುವುದನ್ನು ಬಿಟ್ಟರೆ ಅವರು ಬರುವುದಿಲ್ಲ ಎಂದು ತಾನೇ ಒಪ್ಪಿಕೊಂಡಂತಾಗುತ್ತದೆ ಎಂಬ ಭಯ ಅವಳಿಗೆ.

ಬಾಗಿಲು ಹಾಕಿದ ದೇಶದಲ್ಲಿ ಲಾಡ್ಜ್ ಉಸಿರು ಉಳಿಸಿಕೊಂಡದ್ದು ಟೈಲರಮ್ಮನಿಂದ. ಅಂಗಡಿ ಕಳೆದುಕೊಂಡ ಆಕೆ ಮೂರು ಹೊಲಿಗೆ ಮೆಷಿನ್ ಹೊತ್ತು ತಂದು ಕೆಳಗಿನ ಎರಡು ರೂಮುಗಳಲ್ಲಿ ಬಾಡಿಗೆಗೆ ಕೂತಿದ್ದಳು. ಮೊದಲು ಮಾಸ್ಕ್ ಹೊಲಿದಳು, ಆಮೇಲೆ ಶಾಲೆಯ ಸಮವಸ್ತ್ರ. ಇತ್ತ ಹಾರ್ನಣ್ಣ ಕಾರಿಗೆ ಟಾರ್ಪಾಲು ಹೊದಿಸಿ ಆಸ್ಪತ್ರೆಯ ಬಟ್ಟೆ ಒಗೆಯಲು ಒಯ್ಯುವ ವ್ಯಾನಿಗೆ ಡ್ರೈವರಾದ. ಅವನಿಗೆ ಹೆಂಡತಿ, ಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು. ವ್ಯಾನಿನಲ್ಲಿ ಹಾರ್ನ್ ಇತ್ತು, ಆಸ್ಪತ್ರೆಯ ಹತ್ತಿರ ಬಾರಿಸುವಂತಿರಲಿಲ್ಲ. ಅದೇ ಅವನ ದೊಡ್ಡ ದುಃಖ.

ಹೀಗಿರುವಾಗ ಮುಂದಿನ ತಿಂಗಳ ಮೊದಲ ಸೋಮವಾರದಿಂದ ಪ್ರವಾಸಿಗರಿಗೆ ಬಾಗಿಲು ತೆರೆಯುತ್ತೇವೆ ಎಂದು ಸರ್ಕಾರ ಸಾರಿತು.

ತೆರೆಯುವುದೇನೋ ಸರಿ, ಯಾರಿಗೆ ಎಂಬುದು ಯಾರಿಗೂ ತಿಳಿಯಲಿಲ್ಲ. ಹಸಿರು ಪಟ್ಟಿಯ ದೇಶದವರು ನೇರ ಬರಬಹುದು, ಹಳದಿಯವರು ಐದು ದಿನ ರೂಮಿನಲ್ಲೇ ಕೂರಬೇಕು, ಕೆಂಪಿನವರು ಬರಲೇಬಾರದು. ಬೆಳಗ್ಗೆ ಹಸಿರಿದ್ದ ದೇಶ ಮಧ್ಯಾಹ್ನದ ವಾರ್ತೆಯಲ್ಲಿ ಹಳದಿ. ಔಷಧಿ ಅಂಗಡಿಯವನು "ಒಂದು ನರಪಿಳ್ಳೆನೂ ಬರಲ್ಲ, ಬರೆದಿಟ್ಕೊಳ್ಳಿ" ಎಂದ. ಗೊಂಬೆ ಮಾರುವವಳು "ಎರಡು ವರ್ಷ ಮನೇಲಿ ಕೊಳೆತ ಜನ, ನೂಕುನುಗ್ಗಲಾಗುತ್ತೆ ನೋಡ್ತಿರಿ" ಎಂದಳು. ಇಬ್ಬರ ಮಾತೂ ಲಾಡ್ಜಕ್ಕನಿಗೆ ನಿಜವೆನಿಸುತ್ತಿತ್ತು, ಅದೇ ತೊಂದರೆ. ಅವಳ ತಲೆ ಮೊಸರುಗಡಿಗೆಯಾಯಿತು.

ಅದರ ಮೇಲೆ ಪ್ರವಾಸೋದ್ಯಮ ಇಲಾಖೆಯ ಕಾಗದ ಬಂತು. ಎಂಟೂ ರೂಮುಗಳಲ್ಲಿ ಒಂದೋ ಅತಿಥಿ ಇರಬೇಕು, ಇಲ್ಲವೇ ಅತಿಥಿಗೆ ಸಿದ್ಧವಿರಬೇಕು. ಆ ಸೋಮವಾರವೇ ಅಧಿಕಾರಿ ತಪಾಸಣೆಗೆ ಬರುತ್ತಾರೆ, ಬೇರೆ ಕಸುಬು ಕಂಡುಬಂದರೆ ಲೈಸೆನ್ಸ್ ರದ್ದು. ಬರುತ್ತಾರೋ ಇಲ್ಲವೋ ಗೊತ್ತಿಲ್ಲದ ಅತಿಥಿಗಾಗಿ ಕಣ್ಣೆದುರಿಗಿರುವ ಟೈಲರಮ್ಮನನ್ನು ಹೊರಗೆ ಹಾಕುವುದು ಹೇಗೆ? ಲಾಡ್ಜಕ್ಕನ ಮನಸ್ಸು ಒಪ್ಪಲಿಲ್ಲ. ಭಾನುವಾರ ಮಧ್ಯಾಹ್ನ ಇಬ್ಬರೂ ಸೇರಿ ಮೆಷಿನ್‌ಗಳನ್ನು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿಸಿ ನಾಲ್ಕನೇ ನಂಬರಿನಲ್ಲಿ ಇಟ್ಟರು. ಎರಡು ವರ್ಷ ಯಾರಿಗೂ ಕೊಡದ ರೂಮು ಅದೊಂದೇ, ಕೊಕ್ಕೆಯಲ್ಲಿ ಕೀಲಿ ಇಲ್ಲದ್ದೂ ಅದೊಂದೇ.

"ಅಜ್ಜ ಅಜ್ಜಿ ಬಂದ್ರೆ?" ಎಂದಳು ಟೈಲರಮ್ಮ.

"ಬರೋ ಮೊದಲು ಒಂದು ಕಾಗದ ಹಾಕೇ ಹಾಕ್ತಾರೆ ಬಿಡು. ಅಧಿಕಾರಿ ಹೋಗೋವರೆಗೆ ಮೆಷಿನ್ ಮುಟ್ಬೇಡ."

ಸೋಮವಾರ ಮಧ್ಯಾಹ್ನ ಅಧಿಕಾರಿ ಬಂದರು. ಬಿಸಿಲಲ್ಲಿ ಅಲೆದು ಬಾಡಿಹೋಗಿದ್ದ ಮನುಷ್ಯ. ಏಳು ರೂಮುಗಳ ಹಾಸಿಗೆ ಎತ್ತಿ ನೋಡಿದರು, ನಲ್ಲಿ ತಿರುಗಿಸಿದರು, ನಾಲ್ಕನೆಯ ಬಾಗಿಲ ಮುಂದೆ ನಿಂತರು.

"ಇದರ ಕೀಲಿ?"

"ಅತಿಥಿಗಳ ಹತ್ರ ಇದೆ ಸಾರ್." ಎರಡು ವರ್ಷಗಳಿಂದ ಕೇಳಿದವರಿಗೆಲ್ಲ ಹೇಳುತ್ತಿದ್ದ ಮಾತು ತಾನಾಗಿ ಬಾಯಿಗೆ ಬಂತು.

ಅದೇ ಹೊತ್ತಿಗೆ ಒಳಗೆ ಟೈಲರಮ್ಮನ ಕುರ್ಚಿ ಸರಿದ ಸದ್ದು. ಅಧಿಕಾರಿಯ ಮುಖ ಅರಳಿದ್ದು ನೋಡಬೇಕಿತ್ತು! "ಬಂದಿದ್ದಾರಾ? ಮೊದಲನೇ ದಿನವೇ? ಬೆಳಗ್ಗಿಂದ ಹದಿನಾಲ್ಕು ಲಾಡ್ಜ್ ನೋಡಿದೆ ಕಣಮ್ಮ, ಒಂದರಲ್ಲೂ ನೊಣ ಇಲ್ಲ!" ಲಾಡ್ಜಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಅವರು ಬರೆದುಕೊಂಡಾಗಿತ್ತು: ಒಂದು ರೂಮು ಭರ್ತಿ. ಬುಧವಾರ ಹೂಗುಚ್ಛ ತರುತ್ತೇನೆ, ಫೋಟೊ ತೆಗೆಸುತ್ತೇನೆ ಎಂದು ಹೇಳಿ ಮೆಟ್ಟಿಲನ್ನು ಎರಡೆರಡಾಗಿ ಇಳಿದು ಹೋದರು.

ಸಂಜೆಯ ಹೊತ್ತಿಗೆ ಸುದ್ದಿ ಬೀದಿಯೆಲ್ಲ ಹಬ್ಬಿತು. ಗೊಂಬೆಯವಳು ಅಂಗಡಿಯ ಷಟರಿಗೆ ಬಣ್ಣ ಬಳಿದಳು. ಔಷಧಿ ಅಂಗಡಿಯವನು ತಾನು ಹಾಗೆ ಹೇಳಿಯೇ ಇಲ್ಲ ಎಂದ. ಹಾರ್ನಣ್ಣನ ಫೋನ್ ಬಂತು.

"ಅಕ್ಕಾ, ನಾಲ್ಕನೇ ನಂಬರ್‌ಗೆ ಬಂದಿದ್ದಾರಂತೆ! ಅದೇ ಅಜ್ಜ ಅಜ್ಜಿನಾ?"

ಕೌಂಟರಿನ ಮುಂದೆ ಅಕ್ಕಪಕ್ಕದ ನಾಲ್ಕು ಜನ ಕಿವಿಯಗಲಿಸಿ ನಿಂತಿದ್ದರು. ಅವಳು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ "ಹೂಂ, ನೋಡೋಣ ಬಾ, ಮಾತಾಡೋಣ" ಎಂದಳು.

"ನೋಡೋದೇನು? ಆಸ್ಪತ್ರೆಯವರು ಕೆಲಸ ಕಾಯಂ ಮಾಡ್ತಾರಂತೆ. ಬುಧವಾರ ಹನ್ನೊಂದು ಗಂಟೆಯೊಳಗೆ ಸಹಿ ಮಾಡ್ಬೇಕು, ಇಲ್ದಿದ್ರೆ ಬೇರೆಯವರಿಗೆ. ಯಾವನು ಮಾಡ್ತಾನೆ ಸಹಿ! ಮೊದಲನೆಯವರು ಬಂದ್ರು ಅಂದ್ಮೇಲೆ ಉಳಿದವರು ಬರೋದು ಎಷ್ಟೊತ್ತು? ಬುಧವಾರ ಬರ್ತೀನಿ, ಅವರನ್ನ ಊರು ಸುತ್ತಿಸೋದು ನಾನೇ." ಮಾತು ಮುಗಿಸಿದವನೇ ಬಾಯಲ್ಲೇ ಎರಡು ಸಲ ಹಾರ್ನ್ ಬಾರಿಸಿ ಫೋನ್ ಇಟ್ಟ.

ಮಂಗಳವಾರವಿಡೀ ಲಾಡ್ಜಕ್ಕ ಫೋನ್ ಕೈಗೆತ್ತಿಕೊಂಡಳು, ಕೆಳಗಿಟ್ಟಳು. ನಿಜ ಹೇಳಿದರೆ ಬೀದಿಗೆಲ್ಲ ಗೊತ್ತಾಗುತ್ತದೆ, ಹಾರ್ನಣ್ಣನ ಬಾಯಲ್ಲಿ ಗುಟ್ಟು ನಿಂತ ಇತಿಹಾಸವಿಲ್ಲ. ಆಮೇಲೆ ಲೈಸೆನ್ಸ್ ಹೋಗುತ್ತದೆ, ಟೈಲರಮ್ಮ ಬೀದಿಗೆ ಬೀಳುತ್ತಾಳೆ. ಹೇಳದಿದ್ದರೆ ತಮ್ಮನ ಕೆಲಸ ಹೋಗುತ್ತದೆ. ಅಥವಾ, ಯಾರಿಗೆ ಗೊತ್ತು, ಜನ ನಿಜವಾಗಿಯೂ ಬಂದುಬಿಟ್ಟರೆ? ಆಗ ಇವಳ ಮಾತು ಕೇಳಿ ಅವನು ಜೀವನಪೂರ್ತಿ ಆಸ್ಪತ್ರೆಯ ಬಟ್ಟೆ ಸಾಗಿಸುತ್ತಾ ಇರಬೇಕಲ್ಲ! ಒಂದು ಕಡೆ ನಿಲ್ಲದ ತನ್ನ ಮನಸ್ಸನ್ನು ಬೈದುಕೊಂಡು ಅವಳು ಅತ್ತಳು ಕೂಡ.

ಬುಧವಾರ ಬೆಳಗ್ಗೆ ಅಂಚೆಯವನು ಒಂದು ಪೊಟ್ಟಣ ಕೊಟ್ಟುಹೋದ. ಹೊರದೇಶದ ಸ್ಟಾಂಪು. ಬಿಚ್ಚಿದರೆ ಮರದ ತುಂಡು, ಅದಕ್ಕೆ ಕಟ್ಟಿದ ಕೀಲಿ, ಜೊತೆಗೊಂದು ಚೀಟಿ. ಚೀಟಿಯನ್ನು ಅವಳು ಅಕ್ಷರಕ್ಕಕ್ಷರ ಕೂಡಿಸಿಕೊಂಡು ಓದಿದಳು. ಚಿಕ್ಕ ಮನೆಗೆ ಹೋಗುತ್ತಿದ್ದೇವೆ, ಸಾಮಾನು ಕಟ್ಟುವಾಗ ಇದು ಸಿಕ್ಕಿತು. ಕ್ಷಮಿಸಿ. ನಿಮ್ಮಲ್ಲಿ ಬಾಗಿಲು ತೆರೆಯುತ್ತಿರುವ ಸುದ್ದಿ ಓದಿದೆವು, ಒಳ್ಳೆಯದಾಗಲಿ. ನಾವು ಇನ್ನು ಅಷ್ಟು ದೂರ ಪ್ರಯಾಣ ಮಾಡುವವರಲ್ಲ.

ಕೊಕ್ಕೆಗೆ ಹಾಕಿದರೆ ಎಂಟು ಕೀಲಿ, ಅಂದರೆ ಒಬ್ಬ ಅತಿಥಿಯೂ ಇಲ್ಲ. ಹಲಗೆ ಓದಲು ಹಾರ್ನಣ್ಣನಿಗೂ ಬರುತ್ತದೆ, ಅಧಿಕಾರಿಗೂ ಬರುತ್ತದೆ. ಹಾಕಿದಳು. ತೆಗೆದಳು. ಮತ್ತೆ ಹಾಕಿದಳು. ಕೊನೆಗೆ ತೆಗೆದು ಕೌಂಟರಿನ ಖಾನೆಯೊಳಗೆ ತುರುಕಿದಳು. ಒಬ್ಬರಾದ ಮೇಲೆ ಒಬ್ಬರು ಬಂದರೆ ಅಧಿಕಾರಿ ಹೋದ ಮೇಲೆ ತೆಗೆದು ತಮ್ಮನಿಗೆ ತೋರಿಸಬಹುದು ಎಂದು ಅವಳ ಎಣಿಕೆ.

ಇಬ್ಬರೂ ಹತ್ತು ಗಂಟೆಗೆ ಒಟ್ಟಿಗೇ ಬಂದರು. ಅಧಿಕಾರಿಯ ಕೈಯಲ್ಲಿ ಹೂಗುಚ್ಛ, ಹಿಂದೆ ಕ್ಯಾಮೆರಾದವನು. ಹಾರ್ನಣ್ಣ ಪೆಟ್ಟಿಗೆಯ ತಳದಿಂದ ಹಳೆಯ ಬಿಳಿ ಯೂನಿಫಾರ್ಮ್ ತೆಗೆದು ಇಸ್ತ್ರಿ ಮಾಡಿ ಹಾಕಿಕೊಂಡಿದ್ದ. ಹೊಟ್ಟೆಯ ಹತ್ತಿರದ ಗುಂಡಿ ಈಗಲೋ ಆಗಲೋ ಎನ್ನುವಂತಿತ್ತು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಮದುಮಗನ ಹಾಗೆ ನಿಂತಿದ್ದ. ಎದೆಯ ಜೇಬಿನಿಂದ ಆಸ್ಪತ್ರೆಯ ಕಾಗದ ಇಣುಕುತ್ತಿತ್ತು.

"ಎಲ್ಲಿ ಅಕ್ಕಾ ನಮ್ಮ ಅಜ್ಜ ಅಜ್ಜಿ? ಎದ್ರಾ? ಕಾರಿನ ಬ್ಯಾಟರಿ ಬದಲಾಯಿಸ್ದೆ, ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು ನೋಡು!"

ಲಾಡ್ಜಕ್ಕ ಆ ಗುಂಡಿಯನ್ನೇ ನೋಡಿದಳು. ಲೈಸೆನ್ಸು, ರದ್ದು, ಹಸಿರು, ಹಳದಿ ಯಾವುದೂ ಆಗ ತಲೆಯಲ್ಲಿ ಇರಲಿಲ್ಲ. ಖಾನೆ ಎಳೆದಳು. ಕೀಲಿ ತೆಗೆದು ನಾಲ್ಕನೇ ಕೊಕ್ಕೆಗೆ ನೇತುಹಾಕಿದಳು. ಮರದ ತುಂಡು ಹಲಗೆಗೆ ಟಕ್ಕೆಂದು ಬಡಿಯಿತು.

"ಯಾರೂ ಬಂದಿಲ್ಲ ಕಣೋ. ಕೀಲಿ ಬಂತು, ಪೋಸ್ಟಲ್ಲಿ. ಅವರು ಇನ್ನು ಬರಲ್ಲ."

ಅಷ್ಟರಲ್ಲಿ ಮಹಡಿಯ ಮೇಲಿಂದ ಹೊಲಿಗೆ ಮೆಷಿನ್ನಿನ ಸದ್ದು ಸ್ಪಷ್ಟವಾಗಿ ಕೇಳಿಸಿತು. ಟೈಲರಮ್ಮನ ಸಮವಸ್ತ್ರಗಳಿಗೂ ಅಂದೇ ಗಡುವು.

ಅಧಿಕಾರಿ ಮೇಲೆ ನೋಡಿದರು, ಹಲಗೆ ನೋಡಿದರು, ಕ್ಯಾಮೆರಾದವನನ್ನು ಹೊರಗೆ ಕಳಿಸಿ ಕುರ್ಚಿಯ ಮೇಲೆ ಕೂತರು. "ಆ ಒಂದು ರೂಮಿನ ಸುದ್ದಿ ಮಂತ್ರಿಗಳವರೆಗೂ ಹೋಗಿದೆ ಕಣಮ್ಮ. ಇಡೀ ಜಿಲ್ಲೆಗೆ ನಿಮ್ಮದೊಂದೇ. ಈಗ ಇಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?" ಎಂದು ಹಣೆ ಒರೆಸಿಕೊಂಡರು. "ಮುಂದಿನ ತಿಂಗಳು ಮತ್ತೆ ತಪಾಸಣೆಗೆ ಬರ್ತೀನಿ. ಆಗ ಮಾತ್ರ ನೋಡಿದ್ದನ್ನ ಬರೀಲೇಬೇಕಾಗುತ್ತೆ." ಬಾಗಿಲ ತನಕ ಹೋದವರು ತಿರುಗಿ, "ನಿಮಗೇನನ್ಸುತ್ತೆ, ಜನ ಬರ್ತಾರಾ?" ಎಂದು ಕೇಳಿದರು. ಉತ್ತರಕ್ಕೆ ಕಾಯಲಿಲ್ಲ. ಹೂಗುಚ್ಛ ಕೌಂಟರಿನ ಮೇಲೇ ಉಳಿಯಿತು.

ಹಾರ್ನಣ್ಣ ಕೊಕ್ಕೆಯಿಂದ ಕೀಲಿ ತೆಗೆದು ಅಂಗೈಯಲ್ಲಿ ತೂಗಿ ನೋಡಿದ. ಬೈಯುತ್ತಾನೆ ಎಂದು ಲಾಡ್ಜಕ್ಕ ಕಾದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ತಪ್ಪಾಯ್ತು ಕಣೋ," ಎಂದಳು ಅವಳೇ. "ಆವತ್ತೇ ಫೋನಲ್ಲಿ ಹೇಳ್ಬೇಕಿತ್ತು. ಮರೆಗುಳಿ ಮುದುಕರು, ಆ ಗಡಿಬಿಡೀಲಿ ಕೀಲಿ ತಗೊಂಡು ಹೋಗಿ ಇಷ್ಟೆಲ್ಲ ಮಾಡಿಟ್ರು."

"ಅವರು ಮರೀಲಿಲ್ಲ ಅಕ್ಕಾ."

"ಮತ್ತೆ?"

"ವಿಮಾನ ನಿಲ್ದಾಣದಲ್ಲಿ ಇಳಿಯುವಾಗ ಅಜ್ಜಿ ಇದನ್ನ ನನ್ನ ಕೈಗೇ ಕೊಡೋಕೆ ಬಂದ್ರು." ಅವನು ತಲೆಯೆತ್ತಲಿಲ್ಲ. "ನಾನೇ ಬೇಡ ಅಂದೆ. ಇಟ್ಕೊಳ್ಳಿ, ಮೂರು ದಿನ ಬಾಕಿ ಇದೆಯಲ್ಲ, ಮುಂದಿನ ಸಲ ಬರುವಾಗ ತನ್ನಿ ಅಂದೆ. ಕೀಲಿ ಅವರ ಹತ್ರ ಇದ್ರೆ ಬಂದೇ ಬರ್ತಾರೆ ಅಂತ... ನೀನು ದಿನಾ ಬಾಗಿಲು ತಟ್ಟೋದನ್ನ ನೋಡಿದ್ಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ."

ಲಾಡ್ಜಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡು ವರ್ಷ ಅವಳು ತಟ್ಟಿದ್ದು ಇವನ ಆಸೆಯ ಬಾಗಿಲನ್ನು. ಸೋಮವಾರದಿಂದ ಅವನು ಕುಣಿದದ್ದು ಅವಳ ಸುಳ್ಳಿನ ಮೇಲೆ. ಯಾರು ಯಾರನ್ನು ಕ್ಷಮಿಸಬೇಕೆಂದೇ ಗೊತ್ತಾಗದೆ ಅವಳು ಪೆನ್ನು ಮುಂದೆ ಚಾಚಿದಳು. ಹಾರ್ನಣ್ಣ ಆಸ್ಪತ್ರೆಯ ಕಾಗದ ಬಿಡಿಸಿ ಕೌಂಟರಿನ ಮೇಲೆ ಇಟ್ಟು ಸಹಿ ಮಾಡಿದ. ಬಗ್ಗಿದಾಗ ಗುಂಡಿ ಕಿತ್ತು ಹಾರಿ ಎಲ್ಲೋ ಬಿತ್ತು. ಇಬ್ಬರೂ ಹುಡುಕಲಿಲ್ಲ. ಕೀಲಿಯನ್ನು ಮತ್ತೆ ಕೊಕ್ಕೆಗೆ ಹಾಕಿ ಅವನು ಹೊರಟ. ಕಾರು ಸ್ಟಾರ್ಟ್ ಆದದ್ದು ಕೇಳಿಸಿತು. ಗಲ್ಲಿಯ ತಿರುವಿನವರೆಗೂ ಅವಳು ಹಾರ್ನಿಗಾಗಿ ಕಾದಳು, ಅವನು ಬಾರಿಸಲಿಲ್ಲ.

ಮರುದಿನ ಬೆಳಗ್ಗೆ ಪೊರಕೆ ಹಿಡಿದು ಮೇಲೆ ಹೋದಳು. ಎಂಟು ಕೊಕ್ಕೆ, ಎಂಟು ಕೀಲಿ. ನಿಯಮದ ಪ್ರಕಾರ ಇನ್ನು ತಟ್ಟಬೇಕಾದ ಅಗತ್ಯವಿರಲಿಲ್ಲ. ಆದರೂ ಕೈ ತಾನಾಗಿ ಮೇಲೆದ್ದು ನಾಲ್ಕನೇ ಬಾಗಿಲನ್ನು ತಟ್ಟಿತು.

"ಕೀಲಿ ವಾಪಸ್ ಬಂತಂತಲ್ಲ," ಒಳಗಿನಿಂದ ಟೈಲರಮ್ಮ ಕೂಗಿದಳು, "ಇನ್ಯಾಕೆ ತಟ್ತೀರಿ?"

"ಗೊತ್ತಿಲ್ಲ ಕಣೇ," ಎಂದು ಲಾಡ್ಜಕ್ಕ ಅಲ್ಲೇ ನಿಂತು, ಎಂದಿನಂತೆ ಮೂರು ಎಣಿಸಿದಳು.