ಕಾರ್ನರ್ ಸೈಟು

"ಏ ಮುಂಡೇದೇ, ಟೇಪು ಹಿಡಿ ಅಂದ್ರೆ ಎಮ್ಮೆ ಹಗ್ಗ ಜಗ್ಗೋ ಥರ ಜಗ್ತೀಯಲ್ಲೇ! ಹರಿದ್ರೆ ನಿಮ್ಮಪ್ಪ ತಂದ್ಕೊಡ್ತಾನಾ?"

ಹೊಸ ಟೇಪು ಅಂತ ಪುರಸಭೆಯ ಸಾಹೇಬರಿಗೆ ಅಷ್ಟು ಕಾಳಜಿ. ನಾನು ಸೊಂಟ ಬಗ್ಗಿಸಿ ಅದರ ತುದಿಯನ್ನು ಗೋಡೆಯ ಬುಡಕ್ಕೆ ಒತ್ತಿ ಹಿಡಿದಿದ್ದೆ. ಪುರಸಭೆಯವರು ಎಲ್ಲಿ ಲೇಔಟ್ ಮಾಡಿದರೂ ಟೇಪು ಹಿಡಿಯುವವಳು, ಗೂಟ ಹೊಡೆಯುವವಳು, ಗೂಟದಿಂದ ಗೂಟಕ್ಕೆ ಸುಣ್ಣದ ಪುಡಿ ಸುರಿದು ಗೆರೆ ಎಳೆಯುವವಳು ನಾನೇ. ಹನ್ನೊಂದು ವರ್ಷವಾಯಿತು. ಊರಿನ ಅರ್ಧ ಕಾಂಪೌಂಡುಗಳು ಎದ್ದು ನಿಂತಿರುವುದು ನನ್ನ ಸುಣ್ಣದ ಮೇಲೆ. ಅವರಿಗದು ಗೊತ್ತಿಲ್ಲ, ಗೊತ್ತಾಗಿ ಆಗಬೇಕಾದ್ದೂ ಏನಿಲ್ಲ.

ಆದರೆ ಅವತ್ತು ಅಳೆಯುತ್ತಿದ್ದದ್ದು ನಮ್ಮದೇ ಸಾಲುಮನೆಗಳನ್ನು. ಇಷ್ಟು ವರ್ಷ ಲೆಕ್ಕಕ್ಕೇ ಇಲ್ಲದ ಸಾಲು ಅದು. ಈಗ ಅಳತೆ ರೂಲ್ಸಿನ ಪ್ರಕಾರ ಇದ್ದವರಿಗೆ ಅವರವರ ಜಾಗವನ್ನು ಸೈಟು ಅಂತ ಬರೆದುಕೊಡುತ್ತಾರೆ, ಇಲ್ಲದವರದು ಹೋಯಿತು. ರೂಲ್ಸು ನನಗೆ ಬಾಯಿಪಾಠ. ಸೈಟಿಗೆ ರಸ್ತೆಯ ಕಡೆ ಇಪ್ಪತ್ತು ಅಡಿಯಾದರೂ ಇರಬೇಕು. ಒಂದು ಸಾಲು ನಾನೂರು ಅಡಿ ದಾಟಬಾರದು, ಅಷ್ಟಕ್ಕೆ ಅಡ್ಡರಸ್ತೆ ಬಿಡಬೇಕು. ಅಡ್ಡರಸ್ತೆಯ ಮೂಲೆಗೆ ಬರುವ ಸೈಟು ಇಪ್ಪತ್ತೈದು ಅಡಿ ಇರಬೇಕು, ಯಾಕೆಂದರೆ ಅದು ಎರಡು ಕಡೆಯೂ ಜಾಗ ಬಿಡಬೇಕಲ್ಲ. ರಸ್ತೆ ತಾಗದ ಜಾಗ ಸೈಟೇ ಅಲ್ಲ.

ನಾನೂರನೇ ಅಡಿ ಎಲ್ಲಿಗೆ ಬಂತು ಹೇಳಿ? ನನ್ನ ಓರಗಿತ್ತಿಯ ಮನೆಯ ಗೋಡೆಗೆ!

ಸಾಲಿನ ಕೊನೆಯ ಎರಡು ಮನೆ ನಮ್ಮ ಮಾವ ಕಟ್ಟಿದ್ದು. ಒಂದೇ ನಡುಗೋಡೆ, ಆಚೆಗೊಂದು ಮನೆ, ಈಚೆಗೊಂದು. ಪಾಲು ಮಾಡುವ ದಿನ ಮಾವ, "ನೀನು ದೊಡ್ಡ ಸೊಸೆ, ಯಾವುದು ಬೇಕೋ ನೀನೇ ಹೇಳು" ಅಂದರು. ಕೊನೆಯ ಮನೆಯ ಪಕ್ಕದಲ್ಲೇ ದೊಡ್ಡ ಚರಂಡಿ ಹರಿಯುತ್ತಿತ್ತು. ಆ ವಾಸನೆ ಯಾರಿಗೆ ಬೇಕು? ಒಳಗಿನದನ್ನು ನಾನಿಟ್ಟುಕೊಂಡೆ. ಓರಗಿತ್ತಿ ಮೂರು ದಿನ ಅತ್ತಳು. ನಾನು ಒಳಗೊಳಗೇ ನಕ್ಕಿದ್ದೆ, ಸುಳ್ಳು ಯಾಕೆ ಹೇಳಲಿ.

ಈಗ ಆ ಚರಂಡಿಗೇ ಕಲ್ಲು ಮುಚ್ಚಿ ಅಡ್ಡರಸ್ತೆ ಮಾಡುತ್ತಾರಂತೆ. ಸುದ್ದಿ ಬಂದ ದಿನವೇ ಓರಗಿತ್ತಿ ನನ್ನನ್ನು ಕರೆದು ಚಹಾ ಕೊಟ್ಟಳು. ಅವಳದು ಬಟ್ಟೆ ಇಸ್ತ್ರಿ ಮಾಡುವ ಕೆಲಸ, ಮನೆ ಮುಂದೆ ತಳ್ಳುಗಾಡಿಯ ಮೇಲೆ.

"ಅಕ್ಕಾ, ಆ ಕಡೆ ರಸ್ತೆಗೊಂದು ಬಾಗ್ಲು, ಈ ಕಡೆ ರಸ್ತೆಗೊಂದು ಬಾಗ್ಲು. ಒಂದರಲ್ಲಿ ಇಸ್ತ್ರಿ ಅಂಗಡಿ. ಇನ್ನು ಬಿಸಿಲಲ್ಲಿ ನಿಲ್ಲೋ ಕರ್ಮ ಇಲ್ಲ ನೋಡು."

"ಒಳ್ಳೇದೇ ಆಯ್ತು ಬಿಡೇ" ಅಂದೆ. ನಲ್ಲಿಯ ಹತ್ತಿರ ಹೆಂಗಸರು ಆಗಲೇ ಅವಳನ್ನು "ಕಾರ್ನರ್ ಸೈಟಿನಮ್ಮ ಬಂದ್ರು, ಜಾಗ ಬಿಡ್ರೇ" ಅಂತ ಕರೆಯಲು ಶುರುಮಾಡಿದ್ದರು. ಅವಳು ನಾಚಿಕೊಂಡು ಕೊಡ ಮುಂದಿಡುವಳು. ಆ ನಾಚಿಕೆ ನೋಡಿದರೆ ನನಗೆ ಮೈಯೆಲ್ಲ ಉರಿ. ಹೊಟ್ಟೆಯುರಿ ಅನ್ನುವುದು ಬರೀ ಮಾತಿಗೆ ಅಂದುಕೊಂಡಿದ್ದೆ. ಇಲ್ಲ ಕಣ್ರೀ, ನಿಜವಾಗಿಯೂ ಉರಿಯುತ್ತದೆ, ಪಕ್ಕೆಲುಬಿನ ಕೆಳಗೆ, ಎಡಗಡೆ. ಗಬ್ಬು ನಾತಕ್ಕೆ ಹೆದರಿ ಕಾರ್ನರ್ ಸೈಟನ್ನು ಕೈಯಾರೆ ಅವಳ ಮಡಿಲಿಗೆ ಹಾಕಿದವಳು ನಾನು. ಈ ಸಂಕಟವನ್ನು ಗಂಡನ ಹತ್ತಿರವೂ ಹೇಳಿಕೊಳ್ಳುವ ಹಾಗಿರಲಿಲ್ಲ.

ಇನ್ನು ಟೇಪಿನ ಕಥೆ. ನಮ್ಮ ಹಳೆಯ ಟೇಪಿನ ಮೊದಲ ಒಂದಡಿ ಎಂದೋ ಹರಿದುಹೋಗಿತ್ತು. ಹಾಗಾಗಿ ನಾನು ಒಂದು ಅಂತ ಬರೆದಿರುವ ಗೀಟನ್ನೇ ಗೋಡೆಗೆ ಹಿಡಿಯುತ್ತಿದ್ದೆ. ಆ ತುದಿಯಲ್ಲಿ ಗುಮಾಸ್ತ ಬಂದ ಲೆಕ್ಕ ಓದಿ, ಒಂದು ಕಳೆದು ಬರೆದುಕೊಳ್ಳುತ್ತಿದ್ದ. ಹನ್ನೊಂದು ವರ್ಷ ಹೀಗೇ ನಡೆದಿತ್ತು. ಯಾರೂ ಯಾರಿಗೂ ಹೇಳುವುದೇ ಬೇಕಿರಲಿಲ್ಲ.

ಅವತ್ತು ಬಂದದ್ದು ಸೊನ್ನೆಯಿಂದ ಶುರುವಾಗುವ ಹೊಸ ಟೇಪು. ಮೊದಲ ಮನೆಗೆ ನಾನು ಸೊನ್ನೆಗೇ ಹಿಡಿದೆ. ಗುಮಾಸ್ತ "ಮೂವತ್ತೊಂದು" ಅಂತ ಓದಿ, "ಮೂವತ್ತು" ಅಂತ ಗೊಣಗುತ್ತಾ ಬರೆದ. ಅಭ್ಯಾಸಬಲ, ಅವನ ಕೈ ತಾನಾಗಿಯೇ ಒಂದು ಕಳೆದಿತ್ತು.

"ಸಾರ್..." ಅಂದೆ.

"ಬಾಯಿ ಮುಚ್ಕೊಂಡು ಹಿಡಿಯೇ! ಬಿಸಿಲಲ್ಲಿ ನಿನ್ನ ಪುರಾಣ ಬೇರೆ" ಅಂದರು ಸಾಹೇಬರು, ಛತ್ರಿಯ ಕೆಳಗಿನಿಂದ.

ಬಾಯಿ ಮುಚ್ಚಿಕೊಂಡೆ. ಉಳಿದವರ ಮನೆಗಳೆಲ್ಲ ಅಗಲ, ಒಂದಡಿ ಹೋದರೂ ಸೈಟು ಸೈಟೇ. ಸಾಲು ಅಳೆಯುತ್ತಾ ನಮ್ಮ ಮನೆಯ ಹತ್ತಿರ ಬಂದ ಹಾಗೆ ನನಗೆ ಹೊಳೆಯಿತು. ನಮ್ಮದು ಸರಿಯಾಗಿ ಇಪ್ಪತ್ತು ಅಡಿ. ಅವಳದು ಸರಿಯಾಗಿ ಇಪ್ಪತ್ತೈದು.

ನನ್ನ ಮನೆಗೆ ಬಂದಾಗ ಟೇಪನ್ನು ಒಂದರ ಗೀಟಿಗೆ ಸರಿಸಿ ಹಿಡಿದೆ. ಗುಮಾಸ್ತ ಇಪ್ಪತ್ತೊಂದು ಓದಿದ, ಇಪ್ಪತ್ತು ಬರೆದ. ಸರಿಯಾಯಿತು.

ಅಷ್ಟರಲ್ಲಿ ಓರಗಿತ್ತಿ ಒಂದು ಚೊಂಬು ನೀರು ತಂದಳು. "ಬೆಳಗ್ಗಿಂದ ಬಗ್ಗಿ ಬಗ್ಗಿ ಸಾಕಾಗಿದ್ದೀಯ ಅಕ್ಕಾ, ಕುಡಿ." ಗಟಗಟ ಕುಡಿದೆ. ಚೊಂಬು ಅವಳ ಕೈಗೆ ಕೊಟ್ಟು, ಅವಳ ಗೋಡೆಗೆ ಟೇಪು ಹಿಡಿದೆ. ಸೊನ್ನೆಗೆ.

"ಇಪ್ಪತ್ತೈದು" ಅಂದ ಗುಮಾಸ್ತ. ಬರೆದದ್ದು ಇಪ್ಪತ್ತನಾಲ್ಕು.

ಆ ಇಪ್ಪತ್ತನಾಲ್ಕು ಕೇಳಿ ನನ್ನ ಎಡಗಡೆ ಉರಿ ತಣ್ಣಗಾಯಿತು. ಇನ್ನೂ ಹೇಳಬೇಕೆಂದರೆ, ಒಂದು ಆಸೆಯೂ ಹುಟ್ಟಿತು. ಅಳತೆ ಸಾಲದ ಜಾಗವನ್ನು ಪಕ್ಕದ ಜಾಗಕ್ಕೆ ಸೇರಿಸುತ್ತಾರೆ. ಅವಳ ಪಕ್ಕ ಇರುವುದು ನಾನಲ್ಲವೇ? ಕಾರ್ನರ್ ನನ್ನದಾಗುತ್ತದೆ. ಅವಳಿಗೆ ಬೇಕಾದರೆ ಒಂದು ಕೋಣೆ ಬಿಟ್ಟುಕೊಡೋಣ ಅಂದುಕೊಂಡೆ, ಮಹಾ ದೊಡ್ಡ ಮನಸ್ಸಿನವಳ ಹಾಗೆ.

ಹದಿನೈದು ದಿನಕ್ಕೆ ಪುರಸಭೆಯ ಗೋಡೆಗೆ ಪಟ್ಟಿ ಅಂಟಿಸಿದರು. ನಾವಿಬ್ಬರೂ ಒಟ್ಟಿಗೇ ಹೋದೆವು. ಅವಳು ಒಳ್ಳೆಯ ಸೀರೆ ಉಟ್ಟಿದ್ದಳು, ಇಸ್ತ್ರಿ ಮಾಡಿದ್ದು. ಗುಮಾಸ್ತ ಬೆರಳಿಟ್ಟು ಓದಿ ಹೇಳಿದ.

"ಕೊನೇ ಮನೆ, ಇಪ್ಪತ್ನಾಲ್ಕು ಅಡಿ. ಕಾರ್ನರ್‌ಗೆ ಸಾಲದು. ಸೈಟು ಇಲ್ಲ. ಹಿಂದಿನ ಜಾಗಕ್ಕೆ ಸೇರಿಸಿದೆ."

"ಹಿಂದಿಂದಾ?" ಅಂತ ನಾನೇ ಕೂಗಿದೆ. "ಹಿಂದಿರೋದು ನಮ್ಮ ವಾರ್ಡಿನ ಮೆಂಬರ್ ಜಾಗ ಅಲ್ವೇನ್ರೀ?"

"ಅವ್ರ ಜಾಗಕ್ಕೆ ರಸ್ತೆ ಇಲ್ವಲ್ಲಮ್ಮ. ಈಗ ಸಿಕ್ತು." ಅವನು ಬೆರಳನ್ನು ಮೇಲಿನ ಸಾಲಿಗೆ ಸರಿಸಿದ. "ನಿಂದೂ ಹೋಗಿದೆ."

"ನಂದು ಇಪ್ಪತ್ತು! ನೀನೇ ಬರ್ದಿದ್ದು!"

"ನಡುಗೋಡೆ ಸೇರಿ ಇಪ್ಪತ್ತು. ಎರಡು ಮನೇನೂ ಇದ್ದಿದ್ರೆ ಗೋಡೆ ಇಬ್ರಿಗೂ ಲೆಕ್ಕ. ಒಂದು ಹೋದ್ರೆ ಅದರ ಜೊತೆ ಅರ್ಧ ಗೋಡೆ ಹೋಗುತ್ತೆ. ಗೋಡೆ ಒಂಬತ್ತಿಂಚು. ನಿಂಗೆ ನಾಲ್ಕೂವರೆ ಇಂಚು ಕಮ್ಮಿ ಬಿತ್ತು."

ನಾಲ್ಕೂವರೆ ಇಂಚು! ಒಂದು ಗೇಣೂ ಇಲ್ಲ.

ನೆಟ್ಟಗೆ ಸಾಹೇಬರ ಕೋಣೆಗೆ ನುಗ್ಗಿದೆ. ಫ್ಯಾನಿನ ಕೆಳಗೆ ಮೆಂಬರೂ ಕೂತಿದ್ದ. ನಮ್ಮ ಸಾಲಿನ ಎದುರಿಗೇ ಅವನ ಎರಡಂತಸ್ತಿನ ಮನೆ. ದಿನಾ ಅವನ ಗೇಟಿನ ಮುಂದೆಯೇ ಓಡಾಡುವವಳು ನಾನು, ಆದರೂ ಯಾರೋ ಅನ್ನುವ ಹಾಗೆ ನೋಡಿದ.

"ಸಾರ್, ಅಳತೆ ತಪ್ಪಾಗಿದೆ. ಹೊಸ ಟೇಪಿಗೂ ಗುಮಾಸ್ತರು ಒಂದು ಕಳೆದಿದ್ದಾರೆ. ಅವಳದು ಇಪ್ಪತ್ತೈದೇ ಇದೆ. ಇನ್ನೊಂದ್ಸಲ ಅಳೀರಿ."

"ನಿನ್ನ ಮನೇಗ್ ಮಾತ್ರ ಹೆಂಗೆ ಸರಿಯಾಗಿ ಇಪ್ಪತ್ತು ಬಂತು?"

ಸಾಹೇಬರು ದಡ್ಡರಲ್ಲ.

"ಹೇಳೇ, ಮಾತಾಡು. ಸರ್ಕಾರಿ ಅಳತೇಲಿ ಕೈಚಳಕ ತೋರಿಸಿದ್ದೀಯ. ಬರ್ಕೊಡ್ಲಾ ಪೊಲೀಸರಿಗೆ? ಟೇಪು ಹಿಡಿದಿದ್ದು ನೀನು. ಒಳಗೆ ಹೋಗೋಳು ನೀನೇ."

ಮೆಂಬರು ನಕ್ಕ. "ಬಿಡಿ ಸಾಹೇಬ್ರೇ, ಪಾಪ. ಹಿಂದಿನ ಜಾಗಕ್ಕೆ ರಸ್ತೆ ಹೆಂಗಪ್ಪಾ ಬಿಡಿಸ್ಕೊಳ್ಳೋದು ಅಂತ ನಾನು ಮೂರು ವರ್ಷದಿಂದ ತಲೆ ಕೆಡಿಸ್ಕೊಂಡಿದ್ದೆ. ಇವಳ ಹೊಟ್ಟೇಕಿಚ್ಚು ಒಂದೇ ದಿನದಲ್ಲಿ ಮಾಡಿಕೊಡ್ತು. ಹೋಗಮ್ಮ, ನಿನ್ನಿಂದ ಉಪಕಾರಾನೇ ಆಗಿದೆ."

ನನ್ನ ಮುಖಕ್ಕೆ ಉಗಿದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ತಿರುಗಿದರೆ ಬಾಗಿಲಲ್ಲಿ ಓರಗಿತ್ತಿ. ಎಲ್ಲ ಕೇಳಿಸಿಕೊಂಡಿದ್ದಳು.

ಮೆಟ್ಟಿಲಿಳಿದ ಮೇಲೆ ನನ್ನ ಜುಟ್ಟು ಹಿಡಿದಳು.

"ಲೌಡಿ! ನೀರು ಕೊಟ್ಟೆನಲ್ಲೇ ನಿಂಗೆ! ನನ್ನ ಕೈ ನೀರು ಕುಡ್ದು ಕುತ್ತಿಗೆ ಕುಯ್ದ್ಯಲ್ಲೇ!"

"ಹೌದು ಕಣೇ! ಹೊಟ್ಟೆ ಉರೀತು!" ಅಂದೆ. "ನಿಂಗೆ ಕಾರ್ನರ್ ಬಂತಲ್ಲಾ ಅಂತ ಉರೀತು. ಹೊಡಿ, ಸಾಯೋ ಹಾಗೆ ಹೊಡಿ."

ಹೊಡೆದಳು. ಜನ ಸೇರಿ ನೋಡಿದರು. ಕೈ ಸೋತ ಮೇಲೆ ಅವಳು ಅಲ್ಲೇ ಮೋರಿಕಟ್ಟೆಯ ಮೇಲೆ ಕೂತು ಅತ್ತಳು. ಇಸ್ತ್ರಿ ಸೀರೆಯ ತುಂಬಾ ಧೂಳು.

ಮಾರನೆಯ ಬೆಳಗ್ಗೆ ಎರಡೂ ಬಾಗಿಲಿಗೆ ನೋಟೀಸು ಅಂಟಿತ್ತು. ಏಳು ದಿನದೊಳಗೆ ಖಾಲಿ ಮಾಡಬೇಕು. ನನ್ನ ಗಂಡ ಅದನ್ನು ನೋಡಿ ಹಾಸಿಗೆಯ ಮೇಲೆ ಹೋಗಿ ಗೋಡೆಗೆ ಮುಖ ಹಾಕಿ ಮಲಗಿದ. ನಾನು ಹೊರಗೆ ಬಂದು ನಿಂತೆ. ಎದುರಿಗೆ ಮೆಂಬರನ ಮನೆ, ಆಳು ಮೆಟ್ಟಿಲು ತೊಳೆಯುತ್ತಿದ್ದ. ಮೆಟ್ಟಿಲು ರಸ್ತೆಗೆ ಎಷ್ಟು ಮುಂದೆ ಬಂದಿದೆ ಅಂತ ನನ್ನ ಕಣ್ಣು ಅಳೆಯಿತು. ಹನ್ನೊಂದು ವರ್ಷದ ಕಣ್ಣು, ಸುಮ್ಮನಿರುತ್ತದೆಯೇ?

ನಮ್ಮ ರಸ್ತೆ ಮೂವತ್ತು ಅಡಿ ಇರಬೇಕು. ನಟ್ಟನಡುವೆ ಒಂದು ಕಬ್ಬಿಣದ ಮೊಳೆ ಹೊಡೆದಿದೆ, ಹೊಡೆದವಳು ನಾನೇ. ಮೊಳೆಯಿಂದ ಈ ಕಡೆ ಹದಿನೈದು, ಆ ಕಡೆ ಹದಿನೈದು. ಈ ಕಡೆ ಅಳೆದು ಆ ಕಡೆ ಹೊರಟಾಗ ಸಾಹೇಬರು, "ಅಲ್ಲಿ ಬೇಡ, ಅದಾಗಿದೆ" ಅಂದಿದ್ದರು. ಯಾವಾಗ ಆಯಿತು? ಕೆಲಸ ಮುಗಿದ ಮೇಲೆ ಟೇಪು ಇರುವುದು ನನ್ನ ಮನೆಯಲ್ಲಿ, ನನ್ನನ್ನು ಬಿಟ್ಟು ಅಳೆದವರು ಯಾರು?

ಟೇಪು, ಸುಣ್ಣದ ಬಕೆಟ್ಟು ಎತ್ತಿಕೊಂಡು ಓರಗಿತ್ತಿಯ ಗಾಡಿಯ ಮುಂದೆ ನಿಂತೆ. ಅವಳು ಕಣ್ಣೆತ್ತದೆ ಯಾರದೋ ಷರಟಿನ ಕಾಲರು ಒತ್ತುತ್ತಿದ್ದಳು.

"ತುದಿ ಹಿಡಿ ಬಾ."

"ನಿನ್ನ ಹಾಳು ಟೇಪು ನಾನು ಮುಟ್ಟಲ್ಲ."

"ಮೆಂಬರ್ ಮನೆ ಅಳೀಬೇಕು."

ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಒಂದು ಗಳಿಗೆ ಆ ಮನೆಯನ್ನೇ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಬಂದಳು.

"ಸೊನ್ನೆ ನಾನು ಹಿಡೀತೀನಿ. ನಿನ್ನ ನಂಬಲ್ಲ."

"ಹಿಡಿಯೇ, ನಿಂದೇ ಇರ್ಲಿ."

ಅವಳು ಕುಕ್ಕರಗಾಲಲ್ಲಿ ಕೂತು ಮೊಳೆಯ ಮೇಲೆ ಸೊನ್ನೆ ಒತ್ತಿದಳು. ನಾನು ಟೇಪು ಬಿಚ್ಚುತ್ತಾ ಹೊರಟೆ. ಏಳು ಅಡಿಗೆ ಮೆಟ್ಟಿಲು. ಒಂಬತ್ತಕ್ಕೆ ಕಂಬ. ಆಳು "ಏ, ಏ, ಎಲ್ಲಿಗೆ?" ಅಂದ. "ಪುರಸಭೆ ಅಳತೆ" ಅಂದೆ. ಎಷ್ಟೋ ವರ್ಷದಿಂದ ಹೇಳುತ್ತಾ ಬಂದ ಮಾತು, ಬಾಯಿಂದ ಸಲೀಸಾಗಿ ಬಂತು. ಅವನು ಪೊರಕೆ ಹಿಡಿದು ಪಕ್ಕಕ್ಕೆ ಸರಿದ. ಹನ್ನೊಂದಕ್ಕೆ ಹೊಸಿಲು. ಬಾಗಿಲು ತೆರೆದೇ ಇತ್ತು. ಹದಿನೈದು ಬಂದದ್ದು ಮುಂದಿನ ಹಾಲ್‌ನ ಒಳಗೆ, ನಾಲ್ಕಡಿ.

ಅಬ್ಬಾ, ಆ ಹಾಲ್! ಟೇಪಿಲ್ಲದೆ ಹೇಳುತ್ತೇನೆ, ಮೂವತ್ತು ಅಡಿಗೆ ಕಮ್ಮಿಯಿಲ್ಲ. ನೆಲದಲ್ಲಿ ನನ್ನ ಮುಖ ಕಾಣುತ್ತಿತ್ತು. ಇಲ್ಲಿ ನನ್ನ ಮನೆ ಪೂರ್ತಿ ಇಟ್ಟರೂ ಪಕ್ಕದಲ್ಲಿ ಮಂಚ ಹಾಕಬಹುದು. ಎಡಗಡೆ ಮತ್ತೆ ಹೊತ್ತಿಕೊಂಡಿತು. ಈ ಸಲ ಎಂಥ ಉರಿ ಅಂದರೆ, ಓರಗಿತ್ತಿಯ ಇಪ್ಪತ್ತೈದು ಅಡಿಗೆ ಉರಿದದ್ದು ಅದರ ಮುಂದೆ ಬೆಂಕಿಕಡ್ಡಿ.

ಆ ಗುರುತಿನಿಂದ ಮುಂಗೋಡೆಗೆ ಸಮನಾಗಿ ಸುಣ್ಣ ಸುರಿಯುತ್ತಾ ಹೋದೆ. ಟೀಪಾಯಿಯ ಕೆಳಗೆ ಹೋಯಿತು. ರತ್ನಗಂಬಳಿಯ ಮೇಲೆ ಹೋಯಿತು. ಒಳಗಿಂದ ಮೆಂಬರನ ಹೆಂಡತಿ ಬಂದು ಎದೆಗೆ ಕೈಯಿಟ್ಟುಕೊಂಡು ಚೀರಿದಳು. ಹೊರಗೆ ಸಾಲುಮನೆಯವರೆಲ್ಲ ಗೇಟಿನ ಹತ್ತಿರ ಸೇರಿದ್ದರು. ನಡುರಸ್ತೆಯಿಂದ ಓರಗಿತ್ತಿ ಕೂಗಿದಳು:

"ಸರಿಯಾಗಿ ಹಾಕೇ! ಒಂದಿಂಚೂ ಬಿಡ್ಬೇಡ!"

ಕಿಟಕಿಯ ಪಕ್ಕದ ಸೋಫಾ ಪೂರ್ತಿ ರಸ್ತೆಯಲ್ಲಿತ್ತು. ಅದರ ಮೇಲೆ ಮೆಂಬರು, ಕೈಯಲ್ಲಿ ಪೇಪರು, ಕಾಲು ನೀಟಾಗಿ ಮುಂದಕ್ಕೆ ಚಾಚಿ ಕೂತಿದ್ದ.

ಬಕೆಟ್ಟು ಓರೆ ಮಾಡಿ ಅವನ ಮುಂದೆ ನಿಂತೆ.

"ಕಾಲೆತ್ತಿ ಸ್ವಾಮಿ, ಗೆರೆ ಹಾಕ್ಬೇಕು."