ಹದಿನೇಳೆಂಟ್ಲೆ ನೂರಾ ಮೂವತ್ತಾರು

ನಾ ಮೂವತ್ನಾಕು ವರ್ಷ ಕನ್ನಡ ಸಾಲಿ ಮಾಸ್ತರ ಆಗಿದ್ದಾಂವ. ಚನಮಲ್ಲಪ್ಪ ಮಾಸ್ತರ ಅಂದ್ರ ಬೀಳಗಿ ಕಡೆ ಇವತ್ತಿಗೂ ಮಂದಿ ಗಾಡಿ ನಿಂದ್ರಿಸಿ ನಮಸ್ಕಾರ ಮಾಡತಾರ. ಅಂಥಾವನ ಮೊಮ್ಮಗಳು ಸಾಲಿ ಬಿಟ್ಟು ಮನ್ಯಾಗ ಕುಂತಾಳ ಅಂದ್ರ ನಾ ಮಂದಿಗೆ ಹೆಂಗ ಮಾರಿ ತೋರಸ್ಲಿ? ನೀವ ಹೇಳ್ರಿ.

ನನ್ನ ಮಗಳು ಮಧುಮತಿ ಜಮಖಂಡ್ಯಾಗ ಇರತಾಳ. ಹೋದ ದೀಪಾವಳಿ ಮುಗದ ಮ್ಯಾಲ ಅಕಿ ತನ್ನ ಮಗಳು ದಾನೇಶ್ವರಿನ್ನ ಸಾಲಿ ಬಿಡಿಸಿದ್ಲು. ಹುಡುಗಿಗೆ ಒಂಬತ್ತ ವರ್ಷ. ಯಾಕಬೇ ಅಂತ ಫೋನಿನ್ಯಾಗ ಕೇಳಿದ್ರ, "ಅಕಿ ಹೊರಗ ಬಾಯೇ ಬಿಡವಲ್ಲಳು ಅಪ್ಪಾಜಿ, ಮನ್ಯಾಗ ನಾನ ಕಲಸ್ತೇನಿ" ಅಂದ್ಲು. ಸಾಲ್ಯಾಗ ಏನರೆ ಆತೇನು ಅಂದ್ರ ಮಾತ ಹೊಳ್ಳಿಸಿಬಿಟ್ಲು. ನನಗ ಸಿಟ್ಟ ನೆತ್ತಿಗೇರಿತು. ಬಾಯಿ ಬಿಡದ ಹುಡುಗೋರು ಎಷ್ಟ ಮಂದಿ ನನ್ನ ಮುಂದ ಬಾಯಿ ಬಿಟ್ಟಿಲ್ಲ!

ಬ್ಯಾಸಿಗಿಗೆ ನಾನೂ ನನ್ನ ಹೆಂಡತಿ ಮುತ್ತವ್ವನೂ ಜಮಖಂಡಿಗೆ ಹೋದ್ವಿ. ಮನ್ಯಾಗ ಹುಡುಗಿ ಛಲೋ ಮಾತಾಡತಿತ್ತು. ಮುತ್ಯಾ ಅದು, ಮುತ್ಯಾ ಇದು ಅಂತ ನನ್ನ ಜೀವಾ ತಿಂತಿತ್ತು. ಹೊಚ್ಚಲ ದಾಟಿತು ಅಂದ್ರ ಮುಗೀತು. ಬಾಜೂಮನ್ಯಾಕಿ ಹೆಸರ ಕೇಳಿದ್ರೂ ಅವ್ವನ ಹಿಂದ ಹೋಗಿ ನಿಂದರತಿತ್ತು.

"ಆರ ತಿಂಗಳಾತ್ರಿ ಹಿಂಗ," ಅಂದ್ಲು ಮಧುಮತಿ. "ಆದ್ರ ಈಗ ಒಬ್ಬಾಕಿ ಗೆಳತಿ ಸಿಕ್ಕಾಳ."

ಗೆಳತಿ ಅಂದ್ರ ಬನಹಟ್ಟಿ ಸಂಧ್ಯಾ. ಅದೂ ಮನ್ಯಾಗ ಓದೂ ಹುಡುಗಿನ. ಅದರ ಅವ್ವ ಮನೀಷಾ ನನ್ನ ಮಗಳಿಗೆ ಫೋನಿನ್ಯಾಗ ಪರಿಚಯ ಆಗಿದ್ಲು. ಶನಿವಾರಕ್ಕೊಮ್ಮೆ ಎರಡೂ ಮನ್ಯಾವ್ರು ಕೂಡಿ ಏನರೆ ನೋಡಾಕ ಹೋಗತಿದ್ರು. ಮೊದಲ ವಾರ ಬನಹಟ್ಟ್ಯಾಗ ಮಗ್ಗ ನೋಡಾಕ ಹೋದಾಗ, ಆ ಖಟಪಟ ಸಪ್ಪಳದಾಗ ದಾನೇಶ್ವರಿ ಸಂಧ್ಯಾನ ಕಿವ್ಯಾಗ ಏನೋ ಅಂದ್ಲಂತ. ಮುಂದಿನ ವಾರ ತುಬಚಿ ಊರಾಗ ಪಂಪಿಲೆ ಹೊಳಿ ನೀರ ಎತ್ತೂದನ್ನ ನೋಡಿ, "ಸಂಧ್ಯಾ, ಬಾರಲೇ ಇಲ್ಲೆ!" ಅಂತ ಒದರಿದ್ಲಂತ. ಇದನ್ನ ಹೇಳಾಕತ್ತಾಗ ನನ್ನ ಮಗಳ ಕಣ್ಣಾಗ ನೀರು.

"ಈ ಗೆಳೆತನ ಒಂದ ಉಳದ್ರ ಸಾಕ್ರಿ ಅಪ್ಪಾಜಿ. ಇದೂ ಹೋದ್ರ ನನ್ನ ಮಗಳು ಮತ್ತ ಬಾಯಿ ಬಿಡೂದಿಲ್ಲ."

ನಾ ಹೂಂ ಅಂದೆ. ಈ ಕಿವೀಲೆ ಕೇಳಿ ಆ ಕಿವೀಲೆ ಬಿಟ್ಟೆ.

ಆ ಶನಿವಾರ ಮುಧೋಳಕ್ಕ ನಾಯಿ ನೋಡಾಕ ಹೊಂಟ್ರು. ಮನೀಷಾನ ಕಾರಿನ್ಯಾಗ ನಾವೂ ಹತ್ತಿದ್ವಿ. ಊರ ಹೊರಗ ಕಬ್ಬಿನ ನಡುವ ಧರೆಪ್ಪ ಅನ್ನಾಂವನ ತ್ವಾಟ, ಅಲ್ಲೇ ಅಂವ ನಾಯಿ ಸಾಕ್ಯಾನ. ಉದ್ದನ್ನ ಮೂತಿ, ಹೊಟ್ಟಿ ಅನ್ನೂದ ಇಲ್ಲ, ಓಡಾಕ ನಿಂತ್ರ ಕಣ್ಣಿಗೆ ಸಿಗೂದಿಲ್ಲ. ಎರಡೂ ಹುಡುಗೇರು ನಾಯಿಮರಿಗಳ ಹಂತೇಕ ನೆಲದಾಗ ಕುಂತು ಗುಸುಗುಸು ಮಾತಾಡಾಕತ್ತಿದ್ವು. ಮುತ್ತವ್ವ ನನ್ನ ರಟ್ಟಿ ಚೂಟಿ, "ಕೇಳ್ರಿ, ನಗಾಕತ್ತಾಳ" ಅಂದ್ಲು. ನನಗೂ ಖುಷಿ ಆತು, ಸುಳ್ಳ ಯಾಕ ಹೇಳ್ಲಿ.

ಅಷ್ಟರಾಗ, ಬೀಳಗಿ ಕಡೆಯಿಂದ ನನ್ನ ಹೆಸರ ಕೇಳಿದ್ದ ಧರೆಪ್ಪ ಹಲ್ಲ ಕಿಸದ. "ಏನ್ರೀ ಮಾಸ್ತರ, ಊರ ಹುಡುಗೋರ್ನೆಲ್ಲ ಸಾಲಿಗೆ ಎಳದ ತಂದಾವ್ರು ನೀವು. ಮೊಮ್ಮಗಳನ್ನ ಮನ್ಯಾಗ ಕುಂಡ್ರಿಸೀರಂತಲ್ರಿ?"

ನನಗ ಮುಳ್ಳ ನಟ್ಟಂಗಾತು. "ಮನ್ಯಾಗ ಕುಂತ್ರೇನ ದಡ್ಡಿ ಆದ್ಲೇನು? ನಿಮ್ಮಲ್ಲಿ ಎಷ್ಟ ನಾಯಿ ಅದಾವ ಹೇಳ."

"ಸಣ್ಣೂ ದೊಡ್ಡೂ ಸೇರಿ ಹದಿನೇಳ್ರಿ."

ನಾ ಚಪ್ಪಾಳಿ ಹೊಡದು ಎರಡೂ ಹುಡುಗೇರನ್ನ ಮುಂದ ತಂದು ನಿಂದ್ರಿಸಿದೆ. "ಹದಿನೇಳ ನಾಯಿ. ಒಂದೊಂದಕ್ಕ ಎಂಟೆಂಟ ರೊಟ್ಟಿ. ಎಷ್ಟಾದವು?"

"ಅಪ್ಪಾಜಿ, ಬ್ಯಾಡ್ರಿ," ಅಂದ್ಲು ಮಧುಮತಿ. ಸುಮ್ಮನಿರು ಅಂತ ಕೈ ಮಾಡಿದೆ.

"ನೂರಾ ಇಪ್ಪತ್ತಾರು," ಅಂತು ಸಂಧ್ಯಾ. ತಪ್ಪು. ದಾನೇಶ್ವರಿ ಕಾಲಬೆರಳೀಲೆ ಮಣ್ಣ ಕೆದರಾಕತ್ತಿತ್ತು. ಆಮ್ಯಾಲೆ ಸಣ್ಣ ದನೀಲೆ, "ನೂರಾ ಮೂವತ್ತಾರು" ಅಂತು. ಹೊರಗಿನಾವನ ಮುಂದ! ಆರ ತಿಂಗಳದಾಗ ಮೊದಲ ಸಲ! ಮಧುಮತಿ ಸೆರಗಿಲೆ ಬಾಯಿ ಮುಚಗೊಂಡ್ಲು.

ಅಲ್ಲಿಗೆ ಬಿಡಬೇಕಿತ್ತು. ಹುಡುಗಿನ್ನ ಎತ್ತಿ ಮುದ್ದ ಕೊಡಬೇಕಿತ್ತು. ಬಿಟ್ಟೆನೇನ ನಾ?

ನಮ್ಮ ಸಾಲ್ಯಾಗ ಒಂದ ಪದ್ಧತಿ ಇತ್ತು. ಒಬ್ಬಂವ ತಪ್ಪ ಹೇಳಿ ಇನ್ನೊಬ್ಬಂವ ಖರೆ ಹೇಳಿದ್ರ, ಖರೆ ಹೇಳಿದಾಂವ ಎಡಗೈಲೆ ಅವನ ಮೂಗ ಹಿಡದು ಬಲಗೈಲೆ ಕಪಾಳಕ್ಕ ಹೊಡೀಬೇಕು. ಮಾಸ್ತರ ಕುರ್ಚಿ ಬಿಟ್ಟು ಏಳೂ ಕೆಲಸಾನ ಇಲ್ಲ.

"ಶಾಬ್ಬಾಸ್! ಹಿಡಿಯವ್ವಾ ಅಕಿ ಮೂಗ. ಕೊಡ ಒಂದ ಕಪಾಳಕ್ಕ," ಅಂದೆ. ನಕ್ಕೋತನ ಅಂದೆ.

ಅದು ಒಲ್ಲೆ ಅಂತ ಗೋಣ ಅಳ್ಳಾಡಿಸಿತು. "ಬಿಡ್ರಿ ಸರ್," ಅಂದ್ಲು ಮನೀಷಾ. ಧರೆಪ್ಪ ಬಿಡ್ಲಿಲ್ಲ. "ನಿಮ್ಮ ಮಾತ ಕೇಳವಲ್ದಲ್ರೀ ಮಾಸ್ತರ!"

ಅಷ್ಟ ಸಾಕಾತು ನನಗ. ಮೂವತ್ನಾಕ ವರ್ಷದ ದನಿ ಹೊಟ್ಯಾಗಿಂದ ಎದ್ದ ಬಂತು. "ಹೊಡೀ! ಮಾಸ್ತರ ಹೇಳಿದ್ದ ಕೇಳೂದಿಲ್ಲೇನ?" ಮುತ್ಯಾ ಅನ್ನಲಿಲ್ಲ ನೋಡ್ರಿ, ಮಾಸ್ತರ ಅಂದೆ. ಮಲಗಿದ್ದ ನಾಯಿ ಸುದ್ದಾ ಎದ್ದ ನಿಂತ್ವು.

ದಾನೇಶ್ವರಿ ಎಡಗೈಲೆ ತನ್ನ ಮೂಗ ತಾನ ಹಿಡಕೊಂತು. ಬಲಗೈಲೆ ತನ್ನ ಕಪಾಳಕ್ಕ ತಾನ ಹೊಡಕೊಂತು. ಮತ್ತೊಂದ ಹೊಡಕೊಂತು. ಮೂರನೇದಕ್ಕ ಕೈ ಎತ್ತಿದಾಗ ಮಧುಮತಿ ಓಡಿ ಬಂದು ಹಿಡದ್ಲು. ಸಂಧ್ಯಾ ಬಿಕ್ಕಿ ಬಿಕ್ಕಿ ಅಳಾಕತ್ತಿತ್ತು. ದಾನೇಶ್ವರಿ ಕಣ್ಣಾಗ ಒಂದ ಹನಿ ಇರಲಿಲ್ಲ.

ನಮ್ಮನ್ನ ಜಮಖಂಡ್ಯಾಗ ಇಳಿಸಿ ಮನೀಷಾ ನನ್ನ ಮಾರಿ ಸುದ್ದಾ ನೋಡದ ಹೋದ್ಲು.

ಸಂಜೀಕ ಮಧುಮತಿ ರೊಟ್ಟಿ ಬಡ್ಯಾಕತ್ತಿದ್ಲು. ನಾ ಹೋಗಿ, "ಹಾಸ್ಯಕ್ಕ ಅಂದ್ನಿಬೇ" ಅಂದೆ. ಅಕಿ ಬಡಿಯೂದ ನಿಲ್ಲಿಸಿದ್ಲು.

"ಸಾಲ್ಯಾಗ ಇದ ಆಗಿತ್ತು ಅಪ್ಪಾಜಿ. ಬಾಜೂಕ ಕುಂತ ಗೆಳತಿ ಮೂಗ ಹಿಡದು ಹೊಡಿ ಅಂದ ಆ ಮಾಸ್ತರ. ಇಕಿ ಒಲ್ಲೆ ಅಂದ್ಲು. ಅದಕ್ಕ ಇಡೀ ವರ್ಗದ ಕಡಿಂದ ಇಕಿಗೆ ಹೊಡಿಸಿದ. ಒಬ್ಬೊಬ್ಬರನ್ನ ಪಾಳೀಲೆ ಕರದು. ಇಪ್ಪತ್ತೆಂಟ ಹುಡುಗೋರು."

ನನ್ನ ಮೈ ಉರೀತು. "ಯಾಂವ ಅಂವ ಹಾಟ್ಯಾ? ಹೆಸರ ಹೇಳ! ನಾಳೆ ಅವನ ನೌಕರಿ ಕಳೀತೇನಿ!"

ಮಧುಮತಿ ಕೈಯಾಗಿನ ಹಿಟ್ಟ ಒರಸಿಕೊಂಡ್ಲು. "ಗುರುಸಿದ್ದ ಅಂತರಿ. ನಾವು ಜಗಳಕ್ಕ ಹೋದಾಗ, ನಮ್ಮ ಮಾಸ್ತರೂ ನಮಗ ಹಿಂಗ ಕಲಿಸ್ಯಾರ, ನಾವು ಕಲೀಲಿಲ್ಲೇನ್ರಿ ಅಂದ. ಯಾವ ಮಾಸ್ತರ ಅಂದೆ. ಬೀಳಗಿ ಕಡೆ ಚನಮಲ್ಲಪ್ಪ ಮಾಸ್ತರ ಅಂದ." ಅಕಿ ಮತ್ತ ಹಿಟ್ಟಿಗೆ ಕೈ ಹಾಕಿದ್ಲು. "ಅದಕ್ಕ ನಿಮಗ ಹೇಳಿರಲಿಲ್ಲ."

ಭೂಮಿ ಬಾಯಿ ಬಿಟ್ಟಿದ್ರ ಒಳಗ ಇಳೀತಿದ್ದೆ. ಗುರುಸಿದ್ದನ ಮಾರಿ ನೆನಪ ಮಾಡಕೊಳ್ಳಾಕ ನೋಡಿದೆ. ಅಂವ ಯಾರ ಮೂಗ ಹಿಡದಿದ್ದ, ಅವನ ಮೂಗ ಯಾರ ಹಿಡದಿದ್ರು? ಒಂದೂ ನೆನಪಾಗಲಿಲ್ಲ. ಕುರ್ಚ್ಯಾಗ ಕುಂತು ಪೇಪರ ಓದತಿದ್ದೆ ಕಾಣಸ್ತೈತಿ. ನಾಚಿಕಿ ಅಂದ್ರ ಏನಂತ ನನಗ ಅರವತ್ತೆಂಟನೇ ವರ್ಷಕ್ಕ ತಿಳೀತು.

ಮೂರ ದಿನ ದಾನೇಶ್ವರಿ ಮನ್ಯಾಗೂ ಮಾತಾಡಲಿಲ್ಲ. ಬಾರವ್ವಾ ಅಂತ ಕರದ್ರ ಬರತಿತ್ತು. ಬಂದು ಎರಡೂ ಕೈ ತೊಡಿಗೆ ಹಚ್ಚಿ ನೆಟ್ಟಗ ನಿಂದರತಿತ್ತು. ನಾ ಹೋಗು ಅಂದ್ರ ಹೋಗತಿತ್ತು. ಮುತ್ತವ್ವ ನನ್ನ ಕೂಡ ಮಾತ ಬಿಟ್ಟಿದ್ಲು.

ನಾಕನೇ ದಿನಾ ಮನಿ ಮುಂದ ಕಾರ ನಿಂತಿತು. ಸಂಧ್ಯಾ ಇಳೀತು. "ಅಕಿ ನನಗ ಹೊಡೀಲಿಲ್ಲ, ನಾ ಅಕಿ ಹಂತೇಕ ಹೋಗಾಕಬೇಕು" ಅಂತ ಮೂರ ದಿನದಿಂದ ಹಟ ಹಿಡದಿತ್ತಂತ. ದಾನೇಶ್ವರಿ ಬರಿಗಾಲಿಲೆ ಓಡಿತು. ನಾನೂ ಕೈ ಮುಗಕೊಂಡ ಹೊರಗ ಬಂದೆ. ಆ ಎರಡೂ ಹುಡುಗೇರ ಮುಂದ, ಓಣಿ ಮುಂದ, ತಪ್ಪಾತವ್ವಾ ಅನ್ನಬೇಕು ಅಂತ ಬಂದಿದ್ದೆ.

ನನ್ನ ನೋಡಿದ ಕೂಡಲೆ ಸಂಧ್ಯಾ ಎರಡೂ ಕೈಲೆ ಮೂಗ ಮುಚಗೊಂತು. ದಾನೇಶ್ವರಿ ಅದರ ಮುಂದ ಬಂದು ಅಡ್ಡ ನಿಂತಿತು.

"ಮುತ್ಯಾ, ನೀ ಒಳಗ ಹೋಗು," ಅಂತು.

ಗಟ್ಟಿಯಾಗೇ ಅಂತು, ಓಣಿಗೆಲ್ಲ ಕೇಳೂಹಂಗ. ಆ ದನಿ ಕೇಳಾಕ ಅದರ ಅವ್ವ ಆರ ತಿಂಗಳ ಕಾದಿದ್ಲು. ನಾ ಮುಗದ ಕೈ ಇಳಿಸಿ ಒಳಗ ಹೋದೆ.