ನೀವು ಹೋಗಿ, ನಾನು ಬರ್ತೀನಿ

ಸಿಯಾಮಕ್ ನಿಜವಾಗಿಯೂ ಹೊರಟುಹೋದ.

ಪರಸ್ತೂ ಇಳಿಜಾರಿನ ನಡುವೆ ಎರಡೂ ಸ್ಕೀ ಕೋಲುಗಳನ್ನು ಹಿಮಕ್ಕೆ ಊರಿ, ಅವನ ಕೆಂಪು ಜಾಕೆಟ್ಟು ತಿರುವಿನಲ್ಲಿ ಮರೆಯಾಗುವುದನ್ನು ನೋಡುತ್ತ ನಿಂತಳು. ಈಗ ತಿರುಗಿ ನೋಡುತ್ತಾನೆ ಅಂದುಕೊಂಡಳು. ನೋಡಲಿಲ್ಲ. ಅವನದೇನೂ ತಪ್ಪಿರಲಿಲ್ಲ. "ನಿಮ್ಮ ಜೊತೇಲೇ ಇರ್ಲಾ?" ಎಂದು ಕೇಳಿಯೇ ಕೇಳಿದ್ದ. "ಅಯ್ಯೋ, ಬೇಡ. ನನ್ನಿಂದ ನಿಮ್ಮ ರಜ ಯಾಕೆ ಹಾಳಾಗ್ಬೇಕು? ನೀವು ಹೋಗಿ, ನಾನು ಬರ್ತೀನಿ" ಎಂದವಳು ಇವಳೇ, ಅದೂ ನಗುತ್ತ. ಸ್ಕೀ ಕಲಿತದ್ದು ನಿನ್ನೆಯಷ್ಟೇ. ಅವನು ಇನ್ನೊಮ್ಮೆ ಕೇಳುತ್ತಾನೆ, ಮತ್ತೂ ಒಮ್ಮೆ ಕೇಳುತ್ತಾನೆ, ಆಗ "ನಿಮಗೆ ತೊಂದ್ರೆ ಇಲ್ಲ ಅಂದ್ರೆ ಸರಿ" ಎಂದರಾಯಿತು ಎಂದು ಮನಸ್ಸಿನಲ್ಲೇ ಅಣಿಮಾಡಿಕೊಂಡಿದ್ದಳು. ಅವನು "ಸರಿ ಹಾಗಾದ್ರೆ" ಎಂದು ಜಾರಿಬಿಟ್ಟ.

ಬೆಳಗಿನ ತಿಂಡಿಯ ಹೊತ್ತಿಗೇ ಅವಳಿಗೆ ಹೊಳೆಯಬೇಕಿತ್ತು. ಬಾಡಿಗೆ ಮನೆಯ ನೆಲದ ಮೇಲೆ ಹಾಸಿದ್ದ ಬಟ್ಟೆಯಲ್ಲಿ ಸಂಗಕ್ ರೊಟ್ಟಿಯ ಕೊನೆಯ ತುಂಡು ಉಳಿದಿತ್ತು, ಪಕ್ಕದಲ್ಲಿ ಕೆನೆ, ಜೇನು. ಸಿಯಾಮಕ್ ಅದನ್ನು ಅವಳ ಕಡೆ ಚಾಚಿದ. ಅವಳು ಬೇಡವೆಂದಳು. ಅವನು ಅದನ್ನು ಬಾಯಿಗೆ ಹಾಕಿಕೊಂಡ.

"ಏ ಕತ್ತೆ," ಎಂದಳು ಮೊಜ್ದೆ. ಅವಳು ಪರಸ್ತೂಳ ಕಾಲೇಜಿನ ಗೆಳತಿ. ಸಿಯಾಮಕ್ ಮೊಜ್ದೆಯ ಚಿಕ್ಕಪ್ಪನ ಮಗ, ಮೀಸೆ ಮೂಡುವ ಮೊದಲೇ ಅಪ್ಪ ಅಮ್ಮನ ಜೊತೆ ಜರ್ಮನಿಗೆ ಹೋದವನು. "ಮೂರು ಸಲ ಕೇಳ್ಬೇಕು ಕಣೋ. ಮೊದಲ್ನೇ ‘ಬೇಡ’ ಅನ್ನೋದು ಸಲಾಮ್ ಇದ್ದ ಹಾಗೆ."

"ಹಾಗಾದ್ರೆ ನಿಜವಾಗ್ಲೂ ಬೇಡದೇ ಇರೋರು ಏನಂತಾರೆ?"

"ಅವರೂ ಬೇಡ ಅಂತಾರೆ."

ಮೂವರೂ ನಕ್ಕಿದ್ದರು. ಮಧ್ಯಾಹ್ನದ ಮೇಲೆ ಕೇಬಲ್ ಕಾರಿನಲ್ಲಿ ತುದಿಗೆ ಹೋದರು. ಮೊಜ್ದೆ ಕಡಿದಾದ ದಾರಿ ಹಿಡಿದಳು, ಕೆಳಗಿನ ಚಹಾದಂಗಡಿಯಲ್ಲಿ ಸಿಗುತ್ತೇನೆಂದಳು. ಪರಸ್ತೂಳನ್ನು ಅಗಲ ದಾರಿಯಲ್ಲಿ ಕರೆತರುವ ಹೊಣೆ ಸಿಯಾಮಕನದು. "ನಿನ್ನೆ ಮಕ್ಕಳ ದಿಬ್ಬದಲ್ಲಿ ಚೆನ್ನಾಗೇ ಇಳಿದ್ಯಲ್ಲ, ಇದೂ ಅದೇ, ಸ್ವಲ್ಪ ಉದ್ದ ಅಷ್ಟೇ" ಎಂದು ಮೊಜ್ದೆ ಹೇಳಿದ್ದಳು. ಪರಸ್ತೂ ಅದಕ್ಕೂ ಇಲ್ಲವೆನ್ನಲಿಲ್ಲ.

ಈಗ ಮೇಲಿನಿಂದ ಮಂಜು ಇಳಿಯುತ್ತಿತ್ತು. ಎಡಕ್ಕೆ ಕಣಿವೆ, ಅದರಂಚಿಗೆ ಬೇಲಿಯಿರಲಿಲ್ಲ. ಅಲ್ಲೊಂದು ಇಲ್ಲೊಂದು ಕಿತ್ತಳೆ ಬಣ್ಣದ ಕಂಬ ನೆಟ್ಟಿದ್ದರು. ಸ್ಕೀ ಕಳಚಿ ನಡೆದುಬಿಡೋಣವೆಂದರೆ, ಗಾಳಿ ಉಜ್ಜಿ ಉಜ್ಜಿ ಇಳಿಜಾರನ್ನು ಗಾಜು ಮಾಡಿತ್ತು. ಆ ಮರದಂಥ ಬೂಟಿನಲ್ಲಿ ಒಂದು ಕಾಲು ತಪ್ಪಿದರೆ ಹಿಡಿದುಕೊಳ್ಳಲು ಹುಲ್ಲುಕಡ್ಡಿಯೂ ಇಲ್ಲ. ಫೋನು ಚಳಿಗೆ ಸತ್ತು ಹೋಗಿತ್ತು.

ಇಬ್ಬರು ಹೆಣ್ಣುಮಕ್ಕಳ ಜೊತೆ ಇಳಿಯುತ್ತಿದ್ದ ಒಬ್ಬ ಹೆಂಗಸು ಹತ್ತಿರ ಬಂದು ನಿಧಾನಿಸಿದಳು. "ಖಾನುಮ್, ಏನಾದ್ರೂ ಸಹಾಯ ಬೇಕಿತ್ತಾ?"

ಬುದ್ಧಿಗಿಂತ ಮೊದಲು ನಾಲಿಗೆ ಓಡಿತು. "ಇಲ್ಲ ಇಲ್ಲ, ಕೇಳಿದ್ರಲ್ಲ, ಅಷ್ಟೇ ಸಾಕು, ನಿಮ್ಮ ಕೈ ನೋಯದಿರ್ಲಿ. ಸುಮ್ನೆ ನೋಟ ನೋಡ್ತಾ ನಿಂತೆ."

ನೋಡಲು ನೋಟವೇ ಇರಲಿಲ್ಲ. ಹೆಂಗಸು ಸುತ್ತಲಿನ ಬಿಳಿಯನ್ನೊಮ್ಮೆ ನೋಡಿ, "ಖಂಡಿತಾ ತಾನೇ?" ಎಂದಳು. "ಖಂಡಿತಾ. ಮಕ್ಕಳಿಗೆ ಚಳಿಯಾಗತ್ತೆ, ನೀವು ಹೊರಡಿ." ಹೊರಟರು. ಮಕ್ಕಳ ನಗು ಸ್ವಲ್ಪ ಹೊತ್ತು ಕೇಳಿಸಿತು, ಆಮೇಲೆ ಅದೂ ಇಲ್ಲ.

ಮೂರನೆಯ ಸಲ ಕೇಳಿದ್ದರೆ ಒಪ್ಪುತ್ತಿದ್ದೆ ಎಂದುಕೊಂಡಳು. ಮರುಕ್ಷಣವೇ ಇಲ್ಲವೆನ್ನಿಸಿತು. ಒಪ್ಪುತ್ತಿರಲಿಲ್ಲ.

ಅಷ್ಟರಲ್ಲಿ ಏನೋ ಒಂದು ನಿಂತುಹೋಯಿತು. ಏನೆಂದು ತಿಳಿಯಲು ಒಂದು ಗಳಿಗೆ ಹಿಡಿಯಿತು. ತಲೆಯ ಮೇಲೆ ಮಧ್ಯಾಹ್ನದಿಂದ ಗೊಂಯ್‌ಗುಡುತ್ತಿದ್ದ ಕೇಬಲ್ಲು ಸುಮ್ಮನಾಗಿತ್ತು. ಗಾಳಿಗೆ ಹೆದರಿ ನಿಲ್ಲಿಸಿದ್ದರು. ಇನ್ನು ಮೇಲಿನಿಂದ ಹೊಸಬರು ಯಾರೂ ಬರುವಂತಿಲ್ಲ. ಮೇಲೆ ಉಳಿದವರು ಇಳಿದು ಮುಗಿದರೆ ಬೆಟ್ಟ ಖಾಲಿ, ಬೆಳಕೂ ಖಾಲಿ.

ಅವಳು ಒಂದು ಸಲ ಪ್ರಯತ್ನಿಸಿದಳು. ಸ್ಕೀಗಳ ಮೂತಿ ಕೂಡಿಸಿ, ಹಿಂಭಾಗ ಅಗಲಿಸಿ, ವೇಗ ತಡೆಯಲು ಸೂರಿನ ಆಕಾರದ ಫಾರ್ಸಿ ಎಂಟನ್ನು ಕಾಲಲ್ಲಿ ಬರೆಯುವುದು. ನಿನ್ನೆ ಕಲಿಸಿದ್ದು ಅಷ್ಟೇ. ಬಲಗಾಲು ಬರೆಯಿತು, ಎಡಗಾಲು ಕೇಳಲಿಲ್ಲ. ಜಾರಿದಳು, ಕಂಬ ತನ್ನತ್ತಲೇ ಓಡಿಬಂದಂತಾಯಿತು, ದೊಪ್ಪನೆ ಕುಳಿತು ಎರಡೂ ಕೈಯಿಂದ ಅದನ್ನು ತಬ್ಬಿದಳು. ಕಂಬದಾಚೆ ಹಿಮವಿರಲಿಲ್ಲ, ಮಂಜು ಮಾತ್ರ ಇತ್ತು.

ಮೆಲ್ಲಗೆ ಏಳುವಷ್ಟರಲ್ಲಿ ಮೇಲಿನಿಂದ ಸ್ಕೀ ಕೆರೆಯುವ ಸದ್ದು ಕೇಳಿಸಿತು. ನೀಲಿ ಉಣ್ಣೆ ಟೋಪಿಯ, ಬಿಳಿ ಮೀಸೆಯ ಒಬ್ಬರು ಅಡ್ಡಡ್ಡ ಜಾರುತ್ತ ಬಂದು ಅವಳ ಮೇಲೆ ಬೀಳುವಷ್ಟು ಸಮೀಪದಲ್ಲಿ ನಿಂತರು.

"ಖಾನುಮ್, ಇರಜ್ ಅಂತ ನನ್ನ ಹೆಸರು. ಏನಾದ್ರೂ ಬೇಕಿದ್ರೆ ಹೇಳಿ, ನಿಮ್ಮ ಸೇವೆಗಿದ್ದೀನಿ."

ನಾಲಿಗೆ ಮತ್ತೆ ಸಜ್ಜಾಯಿತು. ಅವಳು ಅದನ್ನು ನಿಜವಾಗಿಯೇ ಹಲ್ಲಿನಡಿ ಕಚ್ಚಿ ಹಿಡಿದಳು. "ಬೇಕು. ನನಗೆ ಇಳಿಯೋಕೆ ಬರಲ್ಲ. ದಯವಿಟ್ಟು ನನ್ನ ಬಿಟ್ಟು ಹೋಗ್ಬೇಡಿ."

ಇರಜ್ "ಬೇಕಾ?" ಎಂದರು.

"ಬೇಕು."

"ಬೇಡ ಅಂತೀರಿ ಅಂದ್ಕೊಂಡೆ." ಕನ್ನಡಕ ತೆಗೆದು ಒರೆಸಿದರು, ಹಾಕಿಕೊಳ್ಳುವಷ್ಟರಲ್ಲಿ ಅದು ಮತ್ತೆ ಬೆಳ್ಳಗಾಯಿತು. "ನಿಜ ಹೇಳ್ಲಾ? ನಾನು ಬಾಯುಪಚಾರಕ್ಕೆ ಕೇಳ್ದೆ. ನನಗೆ ಕಂಬ ಯಾವ್ದು, ಮನುಷ್ಯರು ಯಾರು, ಒಂದೂ ಕಾಣ್ತಿಲ್ಲ. ನಿಮ್ಮನ್ನೂ ಕಂಬ ಅಂದ್ಕೊಂಡೇ ಬಂದೆ. ಬಲ ಮೊಣಕಾಲು ಆಪರೇಷನ್ ಆಗಿದ್ದು ಬೇರೆ."

ಪರಸ್ತೂ ಬದುಕಿನಲ್ಲಿ ಮೊದಲ ಸಲ ಒಂದೇ ಮಾತಿಗೆ ಹೂಂ ಅಂದಿದ್ದಳು, ಅದೂ ಹುಸಿಹೋಯಿತು. "ನಿಮ್ಮ ಜೊತೆ ಯಾರೂ ಇಲ್ವಾ?"

"ಮಗ ಇದ್ದ. ನಿನ್ನ ಹೆಂಡ್ತಿ ಕಾಯ್ತಿರ್ತಾಳೆ, ನೀನು ಹೋಗೋ ಅಂದೆ."

"ಹೋಗೇಬಿಟ್ರಾ?"

"ಪಾಪ, ಮೂರು ಸಲ ಕೇಳ್ದ. ಮೂರು ಸಲಾನೂ ಬೇಡ ಅಂದೆ. ಅಪ್ಪ ಅಲ್ವಾ."

ಅವಳಿಗೆ ನಗು ಬಂತು. "ಆಗಾ ಇರಜ್," ಎಂದು ಗೌರವದಿಂದಲೇ ಕರೆದಳು, "ನನಗೆ ಕಣ್ಣು ಚೆನ್ನಾಗಿ ಕಾಣತ್ತೆ. ನಿಮಗೆ ಇಳಿಯೋಕೆ ಬರತ್ತೆ."

"ಬರ್ತಿತ್ತು," ಎಂದರು ಇರಜ್. "ಸರಿ. ಕಂಬ ಎಲ್ಲಿದೆ ನೀವು ಹೇಳಿ, ಕಾಲು ಎಲ್ಲಿಡ್ಬೇಕು ನಾನು ಹೇಳ್ತೀನಿ. ಕಣಿವೆ ನೋಡ್ಬೇಡಿ. ಮೈ ಭಾರ ಕೆಳಗಿನ ಕಾಲ್ಮೇಲೆ ಬಿಡಿ. ಹೆದರಿ ಬೆಟ್ಟಕ್ಕೆ ಒರಗಿದ್ರೆ ಜಾರೋದು ಗ್ಯಾರಂಟಿ."

ಹೊರಟರು. ಅವಳು ಮುಂದೆ, ಅವರು ಅವಳ ಕೋಲಿನ ತುದಿ ಹಿಡಿದು ಹಿಂದೆ. "ಕಂಬ ಎಡಕ್ಕಿದೆ." "ಹಾಗಾದ್ರೆ ಬಲಗಾಲು ಒತ್ತಿ. ಎಂಟು, ಎಂಟು, ಬಿಡ್ಬೇಡಿ." ಅವಳಿಗೆ ಇಳಿಜಾರು ಪೂರ್ತಿ ಕಾಣುತ್ತಿರಲಿಲ್ಲ, ಮುಂದಿನ ಒಂದು ಕಂಬ ಮಾತ್ರ ಮಂಜಿನಿಂದ ಎದ್ದು ಬರುತ್ತಿತ್ತು. ಅದನ್ನು ಮುಟ್ಟಿ ಉಸಿರು ಬಿಡುವುದು, ಇನ್ನೊಂದನ್ನು ಹುಡುಕುವುದು. ಒಂದು ಕಡೆ ಕಂಬವೇ ಕಾಣಲಿಲ್ಲ. ಇಬ್ಬರೂ ನಿಂತರು. ಗಾಳಿ ಮಂಜನ್ನು ಹರಿಯುವವರೆಗೆ ಕಾದರು. ಹರಿದಾಗ ನೋಡಿದರೆ ಕಂಬ ಮುರಿದು ಮಲಗಿತ್ತು. ಅಂಚು ಅವಳ ಸ್ಕೀಯ ಮೂತಿಯಿಂದ ಒಂದು ಮೊಳದಾಚೆಗಿತ್ತು.

"ಕಂಬ ಕಾಣ್ತಾ? ದೂರ ಇದೆಯಾ?" ಎಂದರು ಇರಜ್.

"ಹತ್ತಿರ ಇದೆ," ಎಂದಳು ಪರಸ್ತೂ. ಯಾವುದು ಎಂದು ಹೇಳಲಿಲ್ಲ. "ಬಲಕ್ಕೆ ತಿರುಗೋಣ. ನಿಧಾನ."

ತಿರುಗುವಾಗ ಹಿಂದೆ ಒಂದು ನರಳಾಟ ಕೇಳಿಸಿತು. ಇರಜರ ಬಲಗಾಲು ಮಡಿಚಿಕೊಂಡಿತ್ತು. ಎದ್ದರು, "ಏನಿಲ್ಲ, ಏನಿಲ್ಲ" ಎಂದರು. ಅಲ್ಲಿಂದ ಮುಂದೆ ಅವಳ ಕೋಲಿನ ತುದಿಯಲ್ಲಿ ಅವರ ಭಾರ ಹೆಚ್ಚುತ್ತಲೇ ಹೋಯಿತು.

ಬೆಳಕು ಬೂದಿಬಣ್ಣಕ್ಕೆ ತಿರುಗಿದಾಗ ಕೆಳಗಿನಿಂದ ಮೋಟಾರಿನ ಸದ್ದು ಬಂತು. ಬೆಟ್ಟದ ಕಾವಲಿನವನ ಹಿಮದ ಬೈಕು. ಅವನ ಬೆನ್ನಿಗಂಟಿಕೊಂಡು, ಸ್ಕೀಗಳನ್ನು ಹೆಗಲ ಮೇಲಿಟ್ಟುಕೊಂಡು, ಕೆಂಪು ಜಾಕೆಟ್ಟಿನ ಸಿಯಾಮಕ್. ಇಳಿದವನೇ ಹತ್ತಿರ ಬಂದ.

"ಮೊಜ್ದೆ ನನ್ನ ಕೊಂದೇ ಬಿಡೋಳು. ‘ಬೇಡ ಅಂದ್ಲು ಅಂತ ಬಿಟ್ಟು ಬಂದ್ಯಾ’ ಅಂತ. ನಾನು ಅಂದ್ಕೊಂಡೆ, ನೀವು..."

ಕಾವಲಿನವನಿಗೆ ಅವಸರವಿತ್ತು. "ಒಬ್ಬರಿಗೆ ಜಾಗ. ಮತ್ತೆ ವಾಪಸ್ ಬರೋಷ್ಟ್ರಲ್ಲಿ ಕತ್ತಲಾಗತ್ತೆ. ಇನ್ನೊಬ್ರು ಈ ಹುಡುಗನ ಜೊತೆ ಇಳೀಬೇಕು. ಯಾರು ಬರ್ತೀರಿ?"

"ಖಾನುಮ್ ಹತ್ಲಿ," ಎಂದರು ಇರಜ್.

"ಅಯ್ಯೋ, ಎಲ್ಲಾದ್ರೂ ಉಂಟಾ, ನೀವು ದೊಡ್ಡೋರು."

"ಸಾಧ್ಯಾನೇ ಇಲ್ಲ."

"ನನ್ನಾಣೆ, ನೀವೇ."

"ಅಪ್ಪಾ, ಅಮ್ಮಾ," ಎಂದ ಕಾವಲಿನವನು, "ನೀವು ಮೊದ್ಲು ನೀವು ಮೊದ್ಲು ಅನ್ನೋಕೆ ಇಲ್ಲಿ ಬಾಗ್ಲೂ ಇಲ್ಲ, ಮನೇನೂ ಇಲ್ಲ."

ಪರಸ್ತೂಳಿಗೆ ಆ ಸೀಟು ಬೇಕಿತ್ತು. ಮೈಯ ಒಂದೊಂದು ಎಲುಬೂ ಅದನ್ನೇ ಬೇಡುತ್ತಿತ್ತು. ಇನ್ನೊಮ್ಮೆ ಇರಜ್ ಒತ್ತಾಯಿಸಿದರೆ, ಅದು ಮೂರನೆಯ ಸಲ, ಒಪ್ಪಿಕೊಳ್ಳಬಹುದು, ಯಾರೂ ಆಡಿಕೊಳ್ಳುವಂತಿಲ್ಲ. ಅವಳು ಅವರ ಮುಖ ನೋಡಲಿಲ್ಲ, ಕಾಲು ನೋಡಿದಳು. ಬಲಗಾಲನ್ನು ಹಿಮಕ್ಕೆ ಊರಿಯೇ ಇರಲಿಲ್ಲ.

"ಆಗಾ ಇರಜ್, ಉಪಚಾರ ಪಕ್ಕಕ್ಕಿಡಿ. ಆ ಕಾಲಲ್ಲಿ ಇನ್ನೂ ಇಳಿಯೋಕಾಗತ್ತಾ?"

ಅವರು ಮೀಸೆಯ ಮೇಲಿನ ಹಿಮ ಒರೆಸಿಕೊಂಡರು. "ಇಲ್ಲ," ಎಂದರು. ಆ ಒಂದು ಮಾತಿಗೆ ಇಡೀ ಬೆಟ್ಟ ಇಳಿದಷ್ಟು ದಣಿದಂತೆ ಕಂಡರು. "ನಿಮಗೆ?"

"ನನಗೆ ಆ ಸೀಟು ತುಂಬಾ ಬೇಕು. ಆದ್ರೆ ನನ್ನ ಕಾಲು ನೆಟ್ಟಗಿದೆ. ಹತ್ತಿ."

ಅವರು ಮರುಮಾತಾಡದೆ ಹತ್ತಿದರು. ಬೈಕಿನ ಹಿಂದೀಪ ಮಂಜಿನಲ್ಲಿ ಸ್ವಲ್ಪ ದೂರ ಕೆಂಪಗೆ ಕಂಡು ಆರಿತು. ಮತ್ತೆ ಅದೇ ಮೌನ, ಅದೇ ಗಾಳಿ. ಸಿಯಾಮಕ್ ಸ್ಕೀ ಕಟ್ಟಿಕೊಂಡು ಎದ್ದುನಿಂತ.

"ನಾನು ಮುಂದೆ ಇರ್ಲಾ, ಹಿಂದೆ ಇರ್ಲಾ?" ಎಂದು ಕೇಳಿದ. ಧ್ವನಿಯಲ್ಲಿ ಹೆದರಿಕೆಯಿತ್ತು, ಯಾವ ಉತ್ತರವನ್ನು ನಂಬಬೇಕೆಂದು ಅವನಿಗೆ ತಿಳಿಯದಾಗಿತ್ತು.

"ಮುಂದೆ ಇರಿ. ಆಗಾಗ ತಿರುಗಿ ನೋಡಿ." ಅವಳು ಕೋಲುಗಳನ್ನು ಹಿಮದಿಂದ ಕಿತ್ತಳು. "ಇನ್ನೊಂದು ಮಾತು. ಕೆಳಗೆ ದೀಪ ಕಂಡ ತಕ್ಷಣ ನಾನು ‘ನೀವು ಹೋಗಿ, ನಾನು ಬರ್ತೀನಿ’ ಅಂತೀನಿ. ಅನ್ನದೆ ಇರೋಕೆ ನನಗಾಗಲ್ಲ."

"ಆಗ ನಾನೇನ್ ಮಾಡ್ಲಿ?"

"ನಿಲ್ಲಿ," ಎಂದಳು ಪರಸ್ತೂ. ಕಾಲಲ್ಲಿ ಎಂಟು ಬರೆದು, ಭಾರವನ್ನು ಕೆಳಗಿನ ಕಾಲಿಗೆ ಬಿಟ್ಟಳು.